ಪೊಲೀಸರು ತಡೆದಾಗ ಏನು ಹೇಳಬೇಕು: ಕ್ವೀನ್ಸ್‌ನ ಒಂದು ಉಚಿತ ತರಬೇತಿ ಶಿಬಿರ

ನ್ಯೂಯಾರ್ಕ್ ನಗರದ ಕ್ವೀನ್ಸ್‌ನಲ್ಲಿ ನಮ್ಮ ಮನೆಯಿಂದ ನಾಲ್ಕು ಬೀದಿ ಆಚೆಗಿರುವ ಸಮುದಾಯ ಭವನದಲ್ಲಿ ಕಳೆದ ತಿಂಗಳು ಒಂದು ಶನಿವಾರ ಮಧ್ಯಾಹ್ನ ಎರಡೂವರೆ ಗಂಟೆ ಅವಧಿಯ ತರಬೇತಿ ಶಿಬಿರ ನಡೆಯಿತು. ಅದಕ್ಕೆ ನಾನು, ಈಚೆಗಷ್ಟೇ ಒಬ್ಬನೇ ಸಬ್‌ವೇಯಲ್ಲಿ ಓಡಾಡಲು ಆರಂಭಿಸಿರುವ ನನ್ನ ಹದಿನಾರು ವರ್ಷದ ಮಗ ಮತ್ತು ಆರು ತಿಂಗಳ ಮಟ್ಟಿಗೆ ಹಾಸನದಿಂದ ಬಂದಿರುವ ನನ್ನ ಮಾವನವರು ಹೋಗಿದ್ದೆವು. ಬೀದಿಯಲ್ಲಿ ಪೊಲೀಸರು ತಡೆದು ಪ್ರಶ್ನಿಸಿದಾಗ ನಮಗಿರುವ ಹಕ್ಕುಗಳೇನು, ಬೇರೊಬ್ಬರನ್ನು ತಡೆದದ್ದು ಕಣ್ಣಿಗೆ ಬಿದ್ದರೆ ನಾವು ಮಾಡಬೇಕಾದದ್ದೇನು ಎಂಬುದೇ ಶಿಬಿರದ ವಿಷಯ. ಇದನ್ನು ನಡೆಸಿದ್ದು ವಕೀಲರ ಸಂಸ್ಥೆಯಲ್ಲ. ಬಡಾವಣೆಯ ಬಾಡಿಗೆದಾರರು, ಟ್ಯಾಕ್ಸಿ ಚಾಲಕರು, ಕಾಲೇಜು ವಿದ್ಯಾರ್ಥಿಗಳು ಸೇರಿ ಕಟ್ಟಿಕೊಂಡ ಒಂದು ಸಣ್ಣ ಸಂಘಟನೆ. ಇಂತಹ ಶಿಬಿರಗಳು ನಗರದ ಹಲವೆಡೆ ನಡೆಯುತ್ತವೆಯಾದರೂ ಅಲ್ಲಿ ಕನ್ನಡದ ಕುಟುಂಬಗಳು ಕಾಣಸಿಗುವುದು ಅಪರೂಪ. ಆದ್ದರಿಂದ ವಿವರವಾಗಿಯೇ ಬರೆಯುತ್ತಿದ್ದೇನೆ.

ಮೊದಲ ಅರ್ಧ ಗಂಟೆ ಇತಿಹಾಸಕ್ಕೆ ಮೀಸಲಾಗಿತ್ತು. ಪಾಠ ಮಾಡಿದ ಹಿರಿಯ ಕಪ್ಪು ಮಹಿಳೆ ಗೋಡೆಯ ಮೇಲೆ 685,724 ಎಂಬ ಒಂದೇ ಸಂಖ್ಯೆಯನ್ನು ಬರೆದರು. 2011ರ ಒಂದೇ ವರ್ಷದಲ್ಲಿ ನ್ಯೂಯಾರ್ಕ್ ಪೊಲೀಸರು ಬೀದಿಯಲ್ಲಿ ಜನರನ್ನು ತಡೆದು ನಿಲ್ಲಿಸಿದ ಪ್ರಕರಣಗಳಷ್ಟು ಅವು; 2002ರಲ್ಲಿ ಇದೇ ಸಂಖ್ಯೆ 97,296 ಇತ್ತು. ತಡೆಯಲ್ಪಟ್ಟವರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಕಪ್ಪು ಅಥವಾ ಲ್ಯಾಟಿನೊ (ಲ್ಯಾಟಿನ್ ಅಮೆರಿಕ ಮೂಲದ) ಜನ, ಮತ್ತು ಹತ್ತಕ್ಕೆ ಸುಮಾರು ಒಂಬತ್ತು ಪ್ರಕರಣಗಳಲ್ಲಿ ಬಂಧನವಾಗಲಿ ಸಮನ್ಸ್ ಆಗಲಿ ಆಗಲಿಲ್ಲ. ಈ ಅಂಕಿಗಳೆಲ್ಲ ಪೊಲೀಸರೇ ತುಂಬಿದ ಫಾರ್ಮುಗಳಿಂದ ಬಂದವು ಎಂಬುದನ್ನು ಅವರು ಮತ್ತೆ ಮತ್ತೆ ಹೇಳಿದರು. ಆ ಫಾರ್ಮಿನಲ್ಲಿ ತಡೆದದ್ದಕ್ಕೆ ಕಾರಣವಾಗಿ ಟಿಕ್ ಹಾಕಲು ಹಲವು ಚೌಕಗಳಿದ್ದವಂತೆ. ಹೆಚ್ಚು ಬಾರಿ ಟಿಕ್ ಬಿದ್ದದ್ದು "ಕಳ್ಳ ಚಲನವಲನ" ಎಂಬರ್ಥದ ಚೌಕಕ್ಕೆ. ಒಬ್ಬ ಹುಡುಗ ಜೇಬಿಗೆ ಕೈ ಹಾಕುವುದೂ ಅದರೊಳಗೆ ಸೇರಿಬಿಡಬಹುದಾದಷ್ಟು ಸಡಿಲವಾದ ಮಾತು ಅದು.

ಬದಲಾವಣೆ ಹೇಗೆ ಬಂತೆಂಬುದನ್ನು ವಿವರಿಸಿದ ರೀತಿ ನನಗೆ ಬಹಳ ಹಿಡಿಸಿತು. ಹೀಗೆ ತಡೆಯಲ್ಪಟ್ಟಿದ್ದ ಡೇವಿಡ್ ಫ್ಲಾಯ್ಡ್ ಮತ್ತಿತರರು 2008ರಲ್ಲಿ ನಗರದ ವಿರುದ್ಧ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಾಧೀಶೆ ಶೈರಾ ಶೈಂಡ್ಲಿನ್ ಅವರು 2013ರ ಆಗಸ್ಟ್ 12ರಂದು, ನಗರವು ಈ ಪದ್ಧತಿಯನ್ನು ನಡೆಸುತ್ತಿದ್ದ ರೀತಿ ಸಂವಿಧಾನಬಾಹಿರವೆಂದು ತೀರ್ಪಿತ್ತರು. ಪುಸ್ತಕದಲ್ಲಿ ಓದಿದರೆ ಕಥೆ ಇಲ್ಲಿಗೇ ನಿಲ್ಲುತ್ತದೆ. ಶಿಬಿರದಲ್ಲಿ ಅದು 2012ರ ಜೂನ್ 17ರ ಅಪ್ಪಂದಿರ ದಿನಕ್ಕೆ ತಿರುಗಿತು. ಅಂದು ಸಾವಿರಾರು ಜನ ಒಂದೂ ಘೋಷಣೆಯಿಲ್ಲದೆ ಹಾರ್ಲೆಮ್‌ನಿಂದ ಮೇಯರ್ ಬ್ಲೂಂಬರ್ಗ್ ಅವರ ಮನೆಯ ಕಡೆಗೆ ಮೌನವಾಗಿ ನಡೆದಿದ್ದರು. 1917ರಲ್ಲಿ ಇದೇ ನಗರದಲ್ಲಿ ಜನಾಂಗೀಯ ಹಿಂಸೆಯ ವಿರುದ್ಧ ನಡೆದ ಮೌನ ಮೆರವಣಿಗೆಯೇ ಅದಕ್ಕೆ ಮಾದರಿ. 2012ರ ಆ ಮೆರವಣಿಗೆಯಲ್ಲಿ ತಮ್ಮ ಮಗನ ಕೈ ಹಿಡಿದು ನಡೆದದ್ದನ್ನು ಪಾಠ ಮಾಡಿದವರು ನೆನೆದಾಗ ಸಭೆ ಸ್ತಬ್ಧವಾಯಿತು. ತಡೆಯುವ ಪ್ರಕರಣಗಳು 2016ರ ಹೊತ್ತಿಗೆ ಸುಮಾರು 12,400ಕ್ಕೆ ಇಳಿದವು. ತಡೆಯುವುದನ್ನು ಬಿಟ್ಟರೆ ಕೊಲೆಗಳು ಹೆಚ್ಚುತ್ತವೆ ಎಂದು ಎಚ್ಚರಿಸಿದವರ ಮಾತು ಸುಳ್ಳಾಗಿ, 2011ರಲ್ಲಿ 515 ಇದ್ದ ಕೊಲೆಗಳ ಸಂಖ್ಯೆ 2016ರಲ್ಲಿ 335 ಆಯಿತು.

ಶಿಬಿರದ ತಿರುಳು ಅಭ್ಯಾಸದ ಭಾಗದಲ್ಲಿತ್ತು. ಸ್ವಯಂಸೇವಕರೊಬ್ಬರು ಪೊಲೀಸ್ ಪಾತ್ರ ವಹಿಸಿದರು. ನಾವು ಒಬ್ಬೊಬ್ಬರಾಗಿ ಅವರ ಎದುರು ನಡೆದುಬರಬೇಕಿತ್ತು. ಕಲಿಸಿದ ವಾಕ್ಯಗಳು ಎರಡೇ: "ನಾನು ಹೋಗಬಹುದೇ?" ಮತ್ತು "ಈ ತಪಾಸಣೆಗೆ ನನ್ನ ಒಪ್ಪಿಗೆ ಇಲ್ಲ." ನ್ಯೂಯಾರ್ಕ್‌ನಲ್ಲಿ 2018ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಕಾನೂನಿನ ಪ್ರಕಾರ, ಒಪ್ಪಿಗೆಯ ಮೇಲಷ್ಟೇ ನಡೆಸಬಹುದಾದ ತಪಾಸಣೆಗೆ ಮುನ್ನ ಒಪ್ಪದಿರುವ ಹಕ್ಕು ನಿಮಗಿದೆ ಎಂದು ಪೊಲೀಸರು ತಿಳಿಸಬೇಕು, ಮತ್ತು ಹಲವು ಬಗೆಯ ಪ್ರಸಂಗಗಳಲ್ಲಿ ತಮ್ಮ ಹೆಸರು, ದರ್ಜೆ ಇರುವ ಕಾರ್ಡ್ ಕೊಡಬೇಕು. ನನ್ನ ಮಗ ಮೊದಲ ಸಲ ಈ ಮಾತುಗಳನ್ನು ಹೇಳುವಾಗ ತಲೆ ತಗ್ಗಿಸಿಕೊಂಡು ಗೊಣಗಿದ. ನಾಲ್ಕನೆಯ ಸಲಕ್ಕೆ ಕೈಗಳು ಕಾಣುವಂತೆ ನಿಂತು, ದನಿ ಏರಿಸದೆ, ಸ್ಪಷ್ಟವಾಗಿ ಹೇಳಿದ. ಓದಿ ತಿಳಿದದ್ದು ಬಾಯಿಗೆ ಬರಬೇಕಾದರೆ ಹೀಗೆಯೇ ನಾಲ್ಕಾರು ಬಾರಿ ಹೇಳಿ ರೂಢಿಸಿಕೊಳ್ಳಬೇಕು.

ಹಕ್ಕು ಗೊತ್ತಿದ್ದ ಮಾತ್ರಕ್ಕೆ ಯಾರೂ ತಡೆಯುವುದಿಲ್ಲವೆಂಬ ಭರವಸೆಯನ್ನು ತರಬೇತುದಾರರು ಎಲ್ಲಿಯೂ ಕೊಡಲಿಲ್ಲ. ಈ ಪ್ರಾಮಾಣಿಕತೆಗಾಗಿ ಅವರ ಮೇಲೆ ನನಗೆ ಗೌರವ ಹೆಚ್ಚಿತು. ಬೀದಿಯಲ್ಲಿ ವಾದಕ್ಕಿಳಿಯಬೇಡಿ, ಮೈಮುಟ್ಟಿದರೆ ತಳ್ಳಬೇಡಿ, ಸಮಯ, ಜಾಗ, ಬ್ಯಾಡ್ಜಿನ ಸಂಖ್ಯೆ ನೆನಪಿಟ್ಟುಕೊಂಡು ಮನೆಗೆ ಬಂದು ಬರೆದಿಡಿ, ಪೊಲೀಸರ ಮೇಲಿನ ದೂರುಗಳನ್ನು ವಿಚಾರಿಸುವ ನಾಗರಿಕ ದೂರು ಪರಿಶೀಲನಾ ಮಂಡಳಿಗೆ ದೂರು ಕೊಡಿ ಎಂಬುದು ಅವರ ಸಲಹೆ. ಇತರರನ್ನು ತಡೆದಾಗ ಚಿತ್ರೀಕರಿಸುವ ಬಗ್ಗೆ ಕಲಿಸಿದ ಪಾಠವೂ ಅಷ್ಟೇ ವಿವೇಕದ್ದು: ದೂರದಲ್ಲಿ ನಿಲ್ಲಬೇಕು, ಫೋನ್ ಎದ್ದು ಕಾಣುವಂತಿರಬೇಕು, ಮತ್ತು ತಡೆಯಲ್ಪಟ್ಟ ವ್ಯಕ್ತಿಯನ್ನು ಕೇಳದೆ ಆ ವಿಡಿಯೊವನ್ನು ಎಲ್ಲಿಯೂ ಹಾಕಬಾರದು. ಈ ಕೊನೆಯ ಸೂಚನೆ ನನಗೆ ಹೊಳೆದೇ ಇರಲಿಲ್ಲ. ಬೀದಿಯಲ್ಲಿ ಅವಮಾನಕ್ಕೊಳಗಾದವನ ಮುಖ ಮರುದಿನ ಊರೆಲ್ಲ ಹರಿದಾಡಿದರೆ ಅದು ಅವನಿಗೆ ಎರಡನೆಯ ಅವಮಾನವಾಗುತ್ತದೆ.

ಇನ್ನು ಕೊರತೆಗಳು. ವೀಸಾದ ಮೇಲೆ ಇರುವವರ ಪ್ರಶ್ನೆಗಳಿಗೆ ಸಿಕ್ಕ ಸಮಯ ಐದು ನಿಮಿಷಕ್ಕಿಂತ ಕಡಿಮೆ. ಪಾದಚಾರಿಗಳು ನಗರದ ಪೊಲೀಸರಿಗೆ ಗುರುತಿನ ಚೀಟಿ ತೋರಿಸಲೇಬೇಕೆಂಬ ಕಡ್ಡಾಯವಿಲ್ಲ ಎಂದು ತರಬೇತುದಾರರು ಹೇಳಿದರು. ಆದರೆ 18 ವರ್ಷ ದಾಟಿದ ವಿದೇಶಿಯರು ತಮ್ಮ ನೋಂದಣಿ ದಾಖಲೆಯನ್ನು ಜೊತೆಯಲ್ಲಿ ಇಟ್ಟುಕೊಂಡಿರಬೇಕೆಂದು ಒಕ್ಕೂಟ ಸರ್ಕಾರದ ವಲಸೆ ಕಾನೂನು ಹೇಳುತ್ತದೆ. ಇವೆರಡೂ ಹೇಗೆ ಕೂಡಿ ಅನ್ವಯಿಸುತ್ತವೆ ಎಂದು ನಾನು ಕೇಳಿದಾಗ ವಕೀಲರನ್ನು ಕೇಳಿ ಎಂಬ ಉತ್ತರ ಬಂತು. ಸಭೆಯಲ್ಲಿದ್ದವರಲ್ಲಿ ಅರ್ಧದಷ್ಟು ಜನ ವಲಸಿಗರಾಗಿದ್ದಾಗ ಇಷ್ಟು ಸಾಲದು. ಅರ್ಧ ಗಂಟೆಯಾದರೂ ಇದಕ್ಕೆ ಸಲ್ಲಬೇಕು.

ಭಾಷೆಯದು ಇನ್ನೂ ದೊಡ್ಡ ಕೊರತೆ. ಜೇಬಿನಲ್ಲಿ ಇಟ್ಟುಕೊಳ್ಳಲು ಕೊಟ್ಟ ಚಿಕ್ಕ ಕಾರ್ಡು ಇಂಗ್ಲಿಷ್, ಸ್ಪ್ಯಾನಿಷ್, ಬಂಗಾಳಿ ಮತ್ತು ಉರ್ದುವಿನಲ್ಲಿತ್ತು. ಕನ್ನಡ ಇರಲಿಲ್ಲವೆಂಬುದು ನನ್ನ ದೂರಲ್ಲ, ನಾವು ಹೋಗಿ ಕೇಳಿದರೆ ತಾನೇ ಅವರು ಮಾಡಿಸುವುದು. ಆದರೆ ಹೇಳಬೇಕಾದ ವಾಕ್ಯಗಳನ್ನೂ ಆಯಾ ಭಾಷೆಗೇ ಅನುವಾದಿಸಿಬಿಟ್ಟಿದ್ದರು. ಪೊಲೀಸರಿಗೆ ತಿಳಿಯಬೇಕಾದ ಮಾತನ್ನು ಇಂಗ್ಲಿಷಿನಲ್ಲಿಯೇ, ನಮ್ಮ ಲಿಪಿಯಲ್ಲಿ ಬರೆದುಕೊಡಬೇಕಲ್ಲವೇ? 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್‌ನಲ್ಲಿ, ಮೊಮ್ಮಗುವನ್ನು ನೋಡಿಕೊಳ್ಳಲು ಗುಜರಾತಿನಿಂದ ಬಂದಿದ್ದ 57 ವರ್ಷದ ತಾತ ಮಗನ ಮನೆಯ ಬಳಿ ಅಡ್ಡಾಡುತ್ತಿದ್ದಾಗ, ಕಪ್ಪು ಮನುಷ್ಯನೊಬ್ಬ ಅನುಮಾನ ಬರುವಂತೆ ತಿರುಗುತ್ತಿದ್ದಾನೆ ಎಂದು ಯಾರೋ ಫೋನ್ ಮಾಡಿದರು. ಇಂಗ್ಲಿಷ್ ಬಾರದ ಅವರನ್ನು ಪೊಲೀಸ್ ಅಧಿಕಾರಿ ನೆಲಕ್ಕೆ ಕೆಡವಿದರು. ಕುತ್ತಿಗೆಗೆ ಪೆಟ್ಟಾಗಿ ದೇಹದ ಸ್ವಾಧೀನ ಭಾಗಶಃ ತಪ್ಪಿತು. ಅಧಿಕಾರಿಯ ಮೇಲಿನ ಮೊಕದ್ದಮೆಯಲ್ಲಿ ಎರಡು ಬಾರಿ ಜ್ಯೂರಿ (ತೀರ್ಪು ಹೇಳುವ ನಾಗರಿಕರ ಮಂಡಳಿ) ಒಮ್ಮತಕ್ಕೆ ಬರಲಿಲ್ಲ. ಕೊನೆಗೆ ನ್ಯಾಯಾಧೀಶರು ಆ ಅಧಿಕಾರಿಯನ್ನು ಆರೋಪದಿಂದ ಬಿಡುಗಡೆ ಮಾಡಿದರು. ನಮ್ಮ ಮಾವನವರೂ ದಿನಾ ಬೆಳಿಗ್ಗೆ ಮಫ್ಲರ್ ಸುತ್ತಿಕೊಂಡು, ಮನೆಗಳ ಮುಂದಿನ ಹೂಗಿಡಗಳನ್ನು ನಿಂತು ನೋಡುತ್ತ ವಾಕಿಂಗ್ ಹೋಗುವವರೇ.

ಇದು ಕಪ್ಪು ಜನರ ಸಮಸ್ಯೆ, ಓದಿ ಕೆಲಸದಲ್ಲಿರುವ ನಮಗೇಕೆ ಎಂಬ ಮಾತನ್ನು ನಮ್ಮವರ ಕೂಟಗಳಲ್ಲಿ ನಾನು ಬಹಳ ಸಲ ಕೇಳಿದ್ದೇನೆ, ಹಿಂದೊಮ್ಮೆ ಒಪ್ಪಿದ್ದೇನೆ ಕೂಡ. ಆ ಫೋನ್ ಕರೆಯಲ್ಲಿದ್ದ ವರ್ಣನೆಯನ್ನು ತಿಳಿದ ಮೇಲೂ ಹಾಗೆ ಹೇಳಲು ನನ್ನಿಂದ ಆಗದು. ಒಂದು ವೇಳೆ ನಮ್ಮನ್ನು ಯಾರೂ ಎಂದೂ ತಡೆಯದಿದ್ದರೂ, ನಾವು ನಿರ್ಭಯವಾಗಿ ನಡೆಯುವ ಬೀದಿಯಲ್ಲಿ ಪಕ್ಕದ ಮನೆಯ ಹುಡುಗ ಮೈಬಣ್ಣದ ಕಾರಣಕ್ಕೆ ಗೋಡೆಗೆ ಮುಖ ಮಾಡಿ ನಿಲ್ಲಬೇಕಾಗುವುದು ನಮಗೂ ಸಂಬಂಧಿಸಿದ ವಿಷಯವೇ.

ಹೋಗುವವರಿಗೆ ಕೆಲವು ಸೂಚನೆಗಳು. ಹೆಸರು ನೋಂದಾಯಿಸುವಾಗಲೇ ದುಭಾಷಿ ಬೇಕೆಂದು ತಿಳಿಸಿ. ಹದಿಮೂರು ದಾಟಿದ ಮಕ್ಕಳನ್ನು ಕರೆದೊಯ್ಯಿರಿ, ಊರಿನಿಂದ ಬಂದಿರುವ ಹಿರಿಯರನ್ನೂ ಬಿಡಬೇಡಿ. ಮೊದಲ ಅರ್ಧ ಗಂಟೆ ತಪ್ಪಿದರೂ ಅಭ್ಯಾಸದ ಭಾಗವನ್ನು ತಪ್ಪಿಸಿಕೊಳ್ಳಬೇಡಿ. ಆ ಎರಡು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಲಿಪಿಯಲ್ಲಿ, ದಪ್ಪ ಅಕ್ಷರದಲ್ಲಿ ಬರೆದು, ಕೆಳಗೆ ಅರ್ಥವನ್ನೂ ನಮ್ಮ ಮನೆಯ ಫೋನ್ ಸಂಖ್ಯೆಯನ್ನೂ ಸೇರಿಸಿ ಮಾವನವರ ಕೋಟಿನ ಒಳಜೇಬಿಗೆ ಹಾಕಿದ್ದೇನೆ. ಅದರ ಒಂದು ಪ್ರತಿಯನ್ನು ಸಂಘಟನೆಯವರಿಗೂ ಕೊಟ್ಟೆ, ಮುಂದಿನ ತಿಂಗಳ ಶಿಬಿರಕ್ಕೆ ಇಪ್ಪತ್ತು ಪ್ರತಿ ಮುದ್ರಿಸಿ ಇಡುವುದಾಗಿ ಹೇಳಿದ್ದಾರೆ.