ಹೋಂಡಾ ಇಯು30ಐಎಸ್ ಜನರೇಟರ್: ಮೆಷಿನ್ ಒಳ್ಳೆಯದೇ, ಎಲ್ಲಿಡುತ್ತೀರಿ ಅನ್ನುವುದೇ ಪ್ರಶ್ನೆ

ಮಡಿಕೇರಿ, ಸಕಲೇಶಪುರ, ಕೊಪ್ಪ, ತೀರ್ಥಹಳ್ಳಿ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ಕರೆಂಟ್ ವಾಪಸ್ಸು ಬರಲು ಗಂಟೆಗಳಲ್ಲ, ಕೆಲವೊಮ್ಮೆ ದಿನಗಳೇ ಬೇಕು. ಮನೆಯ ಇನ್ವರ್ಟರ್ ಮೊದಲ ರಾತ್ರಿ ದಾಟಿಸುತ್ತದೆ. ಎರಡನೆಯ ದಿನ ಬ್ಯಾಟರಿ ಇಳಿದಿರುತ್ತದೆ, ಟ್ಯಾಂಕಿನಲ್ಲಿ ನೀರಿರುವುದಿಲ್ಲ, ಫ್ರಿಜ್ ಬೆವರಲು ಶುರುಮಾಡುತ್ತದೆ. ಪೆಟ್ರೋಲ್ ಜನರೇಟರ್ ಕೊಳ್ಳುವ ಯೋಚನೆ ಹುಟ್ಟುವುದು ಆಗಲೇ. ಮನೆಬಳಕೆಗೆಂದು ಸಿಗುವವುಗಳಲ್ಲಿ ಹೋಂಡಾದ ಇಯು30ಐಎಸ್ ಮೇಲ್ದರ್ಜೆಯದು. ಆದರೆ ಅಂಗಡಿಯಿಂದ ಬರುವುದು ಮೆಷಿನ್ ಮಾತ್ರ. ಅದನ್ನು ಅಪಾಯವಿಲ್ಲದೆ ಓಡಿಸಲು ಬೇಕಾದ ಸಾಮಾನನ್ನೆಲ್ಲ ಬೇರೆಯಾಗಿಯೇ ಕೊಳ್ಳಬೇಕು. ಅದಕ್ಕೆ ದುಡ್ಡು ಉಳಿಯದಿದ್ದರೆ ಮೆಷಿನ್ನನ್ನೂ ಕೊಳ್ಳದಿರುವುದು ವಾಸಿ.

ಮೊದಲು ಮೆಷಿನ್. 196 ಸಿಸಿಯ ಫೋರ್ ಸ್ಟ್ರೋಕ್ ಎಂಜಿನ್, ಸತತವಾಗಿ 2.8 ಕೆವಿಎ (ಸುಮಾರು 2,800 ವ್ಯಾಟ್), ಸ್ವಲ್ಪ ಹೊತ್ತಿಗೆ 3 ಕೆವಿಎ. 230 ವೋಲ್ಟಿನಲ್ಲಿ ಲೆಕ್ಕ ಹಾಕಿದರೆ ಸುಮಾರು 12 ಆಂಪಿಯರ್. ಟ್ಯಾಂಕಿಗೆ 13 ಲೀಟರ್ ಹಿಡಿಯುತ್ತದೆ. ಕಂಪನಿಯ ಲೆಕ್ಕದಲ್ಲಿ ಪೂರ್ತಿ ಲೋಡಿಗೆ ಏಳು ಗಂಟೆ, ಕಾಲು ಲೋಡಿಗೆ ಇಪ್ಪತ್ತು ಗಂಟೆ ಓಡುತ್ತದೆ. ತೂಕ 60 ಕೆಜಿ ಆಸುಪಾಸು; ಒಬ್ಬರೇ ಎತ್ತುವ ಸಾಹಸ ಬೇಡ. ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತದೆ, ಬ್ಯಾಟರಿ ಕೈಕೊಟ್ಟರೆ ಹಗ್ಗ ಎಳೆದು ಸ್ಟಾರ್ಟ್ ಮಾಡಬಹುದು.

ಕವಚವಿಲ್ಲದ ಸಾಮಾನ್ಯ ಓಪನ್ ಫ್ರೇಮ್ ಜನರೇಟರುಗಳು 50 ಹರ್ಟ್ಜ್ ಕೊಡಬೇಕಾದರೆ ಲೋಡ್ ಇರಲಿ ಬಿಡಲಿ, ನಿಮಿಷಕ್ಕೆ 3000 ಸುತ್ತಿನಲ್ಲೇ ತಿರುಗುತ್ತಿರಬೇಕು. ಇದು ಇನ್ವರ್ಟರ್ ಮಾದರಿಯದು. ಹುಟ್ಟುವ ಕರೆಂಟನ್ನು ಡಿಸಿ ಮಾಡಿ, ಮತ್ತೆ ಶುದ್ಧ ಎಸಿ ಮಾಡಿ ಕೊಡುತ್ತದೆ. ಹಾಗಾಗಿ ಲೋಡ್ ಕಡಿಮೆಯಿದ್ದಾಗ ಎಂಜಿನ್ ವೇಗವನ್ನೂ ತಗ್ಗಿಸಿಕೊಳ್ಳಬಲ್ಲದು. ಪೆಟ್ರೋಲೂ ಉಳಿಯುತ್ತದೆ, ಸದ್ದೂ ತಗ್ಗುತ್ತದೆ. ಮನೆಯ ಇನ್ವರ್ಟರ್ ತಕರಾರಿಲ್ಲದೆ ಇದರಿಂದ ಚಾರ್ಜ್ ಆಗುತ್ತದೆ. ಅಗ್ಗದ ಜನರೇಟರಿನ ಕರೆಂಟು ಏರಿಳಿಯುವುದರಿಂದ ಎಷ್ಟೋ ಹೋಮ್ ಯುಪಿಎಸ್‌ಗಳು ಅದನ್ನು ಒಪ್ಪುವುದೇ ಇಲ್ಲ. ಅಂಥ ಮೆಷಿನ್ ಈಗಾಗಲೇ ಮನೆಯಲ್ಲಿದ್ದರೆ ಇನ್ವರ್ಟರಿನ ಹಿಂದಿರುವ ಸ್ವಿಚ್ಚನ್ನು ಯುಪಿಎಸ್ ಮೋಡಿನಿಂದ ಇಕೋ ಅಥವಾ ನಾರ್ಮಲ್ ಮೋಡಿಗೆ ಹಾಕಿ ನೋಡಿ. ಅನೇಕ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ಖರ್ಚಿನ ವಿಷಯದಲ್ಲಿ ಭ್ರಮೆ ಬೇಡ. ಪೆಟ್ರೋಲ್ ಲೀಟರಿಗೆ ₹100 ಎಂದು ಹಿಡಿದರೂ ಪೂರ್ತಿ ಲೋಡಿನಲ್ಲಿ ಒಂದು ಯೂನಿಟ್ಟಿಗೆ ₹66 ಸುಮಾರು, ಕಾಲು ಲೋಡಿನಲ್ಲಿ ₹93 ಸುಮಾರು ಬೀಳುತ್ತದೆ. ಇಡೀ ಮನೆ ಎಂದಿನಂತೆ ನಡೆಯಲಿ ಎಂದು ಕೊಳ್ಳುವ ವಸ್ತುವಲ್ಲ ಇದು.

ಏನೇನು ಎಳೆಯುತ್ತದೆ? ಫ್ರಿಜ್ ಓಡುವಾಗ 100ರಿಂದ 150 ವ್ಯಾಟ್ ಸಾಕು, ಆದರೆ ಹಳೆ ಮಾದರಿಯ ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಕೇಳುತ್ತದೆ. ಅದನ್ನು ಈ ಮೆಷಿನ್ ತಡೆದುಕೊಳ್ಳುತ್ತದೆ. 750 ವ್ಯಾಟಿನ ಮಿಕ್ಸಿ, ಟಿವಿ, ದೀಪ, ಇನ್ವರ್ಟರ್ ಚಾರ್ಜಿಂಗ್ ಯಾವುದಕ್ಕೂ ತೊಂದರೆಯಿಲ್ಲ. ತಕರಾರು ಪಂಪಿನದು. ಮೋಟರ್ ಶುರುವಾಗುವಾಗ ಓಡುವ ಕರೆಂಟಿನ ಮೂರರಿಂದ ಐದಾರು ಪಟ್ಟು ಎಳೆಯುತ್ತದೆ. ಅರ್ಧ ಎಚ್‌ಪಿ ಸಿಂಗಲ್ ಫೇಸ್ ಪಂಪು ಸಾಮಾನ್ಯವಾಗಿ ಎದ್ದೇಳುತ್ತದೆ. 1 ಎಚ್‌ಪಿಯದು ಓಡುವಾಗ ಆರೇಳು ಆಂಪಿಯರ್ ಇದ್ದರೂ ಏಳುವಾಗ 25-30 ಕೇಳುತ್ತದೆ. ಅದನ್ನು ನೆಚ್ಚಿಕೊಂಡು ಈ ಮೆಷಿನ್ ಕೊಳ್ಳಬೇಡಿ. ತ್ರೀ ಫೇಸ್ ಬೋರ್‌ವೆಲ್ ಮೋಟರಿನ ಮಾತೇ ಬೇಡ. ಡೀಲರ್ 'ಎಳೆಯುತ್ತೆ ಸಾರ್' ಎಂದರೆ, ದುಡ್ಡು ಕೊಡುವ ಮುಂಚೆ ನಿಮ್ಮ ಮನೆಯ ಪಂಪಿಗೇ ಹಾಕಿ ತೋರಿಸಲು ಹೇಳಿ. ಗೀಸರ್, ಇಂಡಕ್ಷನ್ ಒಲೆ, ಇಸ್ತ್ರಿ ಪೆಟ್ಟಿಗೆಯನ್ನು ಜನರೇಟರಿಗೆ ಹಾಕುವುದು ಪೆಟ್ರೋಲ್ ಸುಟ್ಟು ನೀರು ಕಾಯಿಸಿದ ಹಾಗೆ.

ಎತ್ತರದ ಊರಿನವರು ಇನ್ನೊಂದು ಕಳೆಯುವ ಲೆಕ್ಕ ಮಾಡಬೇಕು. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಮೇಲೇರಿದಂತೆ ಎಂಜಿನ್ ಬಲ ಶೇ 3.5ರಷ್ಟು ತಗ್ಗುತ್ತದೆ. ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಅಲ್ಲಿ 2.8 ಕೆವಿಎ ಎಂಬುದು 2.4ರಷ್ಟೇ ಉಳಿಯುತ್ತದೆ. ಪಂಪ್ ಮಂಗಳೂರಿನಲ್ಲಿ ಏಳುತ್ತಿತ್ತು, ಇಲ್ಲಿ ಏಕೆ ಏಳುತ್ತಿಲ್ಲ ಅನ್ನುವುದಕ್ಕೆ ಅರ್ಧ ಉತ್ತರ ಅಲ್ಲಿದೆ.

ಇನ್ನು ಎಲ್ಲರೂ ಹೊಗಳುವ ಗುಣ: ಸದ್ದು ಕಡಿಮೆ. ಇಪ್ಪತ್ತು ಅಡಿ ದೂರದಲ್ಲಿ ನಿಂತು ಗಂಟಲೇರಿಸದೆ ಮಾತಾಡಬಹುದು. ಈ ಮೆಷಿನ್ನಿನಲ್ಲಿ ಹೆಚ್ಚು ಹೆದರಬೇಕಾದದ್ದೂ ಇದಕ್ಕೇ. ಗಡಗಡ ಅನ್ನುವ ಮೆಷಿನ್ನನ್ನು ಜನ ತಾವಾಗಿಯೇ ದೂರ ಇಡುತ್ತಾರೆ. ಇದನ್ನು ಜಗಲಿಗೆ, ಸೌದೆ ಕೊಟ್ಟಿಗೆಗೆ, ಕಾರ್ ಶೆಡ್ಡಿಗೆ, ಮಳೆ ಜೋರಾದರೆ ಬಚ್ಚಲುಮನೆಗೂ ತಂದುಬಿಡುತ್ತಾರೆ. ಸದ್ದು ಕಡಿಮೆಯಾದ ಮಾತ್ರಕ್ಕೆ ಹೊಗೆಯ ವಿಷ ಕಡಿಮೆಯಾಗುವುದಿಲ್ಲ. ಪೆಟ್ರೋಲ್ ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣು ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಎಚ್ಚರವಿದ್ದವರಿಗೆ ತಲೆನೋವು, ತಲೆಸುತ್ತು, ವಾಕರಿಕೆ, ಕೈಕಾಲು ಸೋಲುವುದು ಗೊತ್ತಾಗುತ್ತದೆ. ಮಲಗಿದವರಿಗೆ ಏನೂ ಗೊತ್ತಾಗುವುದಿಲ್ಲ.

ಕಿಟಕಿ ತೆರೆದಿಟ್ಟರೆ, ಫ್ಯಾನ್ ಹಾಕಿದರೆ ಸಾಕು ಅನ್ನುವ ಮಾತು ಸುಳ್ಳು. ಮುಚ್ಚಿದ ಜಾಗದಲ್ಲಿ ತುಂಬಿಕೊಂಡ ಅನಿಲ ಎಂಜಿನ್ ನಿಲ್ಲಿಸಿದ ಮೇಲೂ ಗಂಟೆಗಟ್ಟಲೆ ಉಳಿಯಬಹುದು. ಹೆಂಚಿನ ಮನೆಗಳಲ್ಲಿ ಮಾಡಿಗೂ ಗೋಡೆಗೂ ನಡುವೆ ಸಂದು ಇರುವುದರಿಂದ ಕೊಟ್ಟಿಗೆಯ ಹೊಗೆ ಗೋಡೆ ದಾಟಿ ಮಲಗುವ ಕೋಣೆಗೆ ಬರಲು ಬಾಗಿಲೇ ಬೇಕಿಲ್ಲ. ಕನಿಷ್ಠ 20 ಅಡಿ ದೂರ, ಸೈಲೆನ್ಸರ್ ಬಾಯಿ ಮನೆಗೆ ಬೆನ್ನು ಹಾಕಿರಬೇಕು, ಹತ್ತಿರದ ಕಿಟಕಿ ಬಾಗಿಲು ಮುಚ್ಚಿರಬೇಕು. ಮುಂಗಾರಿನ ಗಾಳಿ ಹೆಚ್ಚಾಗಿ ಪಶ್ಚಿಮ, ನೈಋತ್ಯದಿಂದ ಬೀಸುವುದರಿಂದ ಮನೆಯ ಪೂರ್ವಕ್ಕೋ ಈಶಾನ್ಯಕ್ಕೋ ಜಾಗ ನೋಡಿ. ಹೊಗೆ ಮನೆಯಿಂದಾಚೆಗೆ ಹೋಗುತ್ತದೆ.

ಹಾಗೆಂದು ಮಳೆಯಲ್ಲಿ ನೆನೆಯಬಾರದು. ನಾಲ್ಕು ಕಂಬ, ಮೇಲೆ ಜಿಂಕ್ ಶೀಟು, ಕೆಳಗೆ ನೆಲದಿಂದ ಅರ್ಧ ಅಡಿ ಎತ್ತರದ ಕಾಂಕ್ರೀಟ್ ಹಾಸು, ನಾಲ್ಕೂ ಬದಿ ಬಯಲು. ಇರಿಚಲು ಹೊಡೆಯದಷ್ಟು ಶೀಟು ಹೊರಚಾಚಿರಲಿ. ಮೆಷಿನ್ನಿನ ಸುತ್ತ ಮೂರು ಅಡಿ ಖಾಲಿ ಇರಲಿ. ಟಾರ್ಪಲ್ ಹೊದಿಸಿ ಓಡಿಸಿದರೆ ಬಿಸಿಗಾಳಿ ಹೊರಹೋಗದೆ ಎಂಜಿನ್ ಕಾಯುತ್ತದೆ, ಟಾರ್ಪಲ್ಲಿಗೂ ಬೆಂಕಿ ಹತ್ತಬಹುದು.

ಮಲಗುವ ಕೋಣೆಗೊಂದು ಕಾರ್ಬನ್ ಮೊನಾಕ್ಸೈಡ್ ಅಲಾರಂ ಇರಲೇಬೇಕು. ಕೊಳ್ಳುವಾಗ ಇಎನ್ 50291 ಎಂಬ ಯುರೋಪಿನ ಮಾನದಂಡದ ಹೆಸರು ಬರೆದಿರುವುದನ್ನೇ ಆರಿಸಿ. ಆ ಮಾನದಂಡದಂತೆ ಗಾಳಿಯಲ್ಲಿ ಈ ಅನಿಲ 50 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 50 ಭಾಗ) ಇದ್ದರೆ 60ರಿಂದ 90 ನಿಮಿಷದೊಳಗೆ, 300 ಇದ್ದರೆ 3 ನಿಮಿಷದೊಳಗೆ ಕೂಗಬೇಕು. ಸ್ಮೋಕ್ ಅಲಾರಂ ಈ ಕೆಲಸ ಮಾಡುವುದಿಲ್ಲ. ಅಲಾರಮ್ಮಿನ ಸೆನ್ಸರಿಗೂ ಆಯಸ್ಸಿದೆ, ಹಿಂದೆ ಬರೆದಿರುವ ಕೊನೆಯ ತಾರೀಖು ನೋಡಿಕೊಳ್ಳಿ. ಅಮೆರಿಕದಲ್ಲಿ ಮಾರುವ ಹೋಂಡಾ ಜನರೇಟರುಗಳಲ್ಲಿ ಈ ಅನಿಲ ಹೆಚ್ಚಾದರೆ ಎಂಜಿನ್ ತಾನೇ ನಿಲ್ಲುವ ಸೆನ್ಸರ್ ಬಂದಿದೆ. ನಿಮಗೆ ಕೊಡುತ್ತಿರುವ ಮೆಷಿನ್ನಿನಲ್ಲಿ ಅದಿದೆಯೇ ಎಂದು ಕೇಳಿ, ಇದ್ದೇ ಇರುತ್ತದೆ ಎಂದುಕೊಳ್ಳಬೇಡಿ. ಇದ್ದರೂ 20 ಅಡಿಯ ನಿಯಮ ಬದಲಾಗುವುದಿಲ್ಲ.

ಕೋವಿಡ್ ಕಾಲದಲ್ಲಿ ಕೊಂಡ ಪಲ್ಸ್ ಆಕ್ಸಿಮೀಟರ್ ಅನೇಕ ಮನೆಗಳಲ್ಲಿದೆ. ಈ ವಿಷಕ್ಕೆ ಅದು ಪ್ರಯೋಜನಕ್ಕೆ ಬಾರದು. ಕಾರ್ಬನ್ ಮೊನಾಕ್ಸೈಡ್ ಅಂಟಿದ ರಕ್ತವನ್ನೂ ಆಮ್ಲಜನಕ ಇರುವ ರಕ್ತವೆಂದೇ ಎಣಿಸಿ 97, 98 ಎಂದು ತೋರಿಸಬಹುದು. ಜನರೇಟರ್ ಓಡುತ್ತಿರುವಾಗ ಮನೆಯ ಇಬ್ಬರಿಗೆ ಒಟ್ಟಿಗೇ ತಲೆನೋವು ಬಂದರೆ ಅಳೆಯುತ್ತ ಕೂರಬೇಡಿ. ಎಲ್ಲರನ್ನೂ ಬಯಲಿಗೆ ಕರೆತಂದು 108ಕ್ಕೆ ಕರೆ ಮಾಡಿ, ಜನರೇಟರ್ ಹೊಗೆ ಎಂದು ಸ್ಪಷ್ಟವಾಗಿ ಹೇಳಿ. ಅದಕ್ಕೆ ಚಿಕಿತ್ಸೆ ಆಮ್ಲಜನಕ, ಮಾತ್ರೆಯಲ್ಲ.

ಎರಡನೆಯ ಅಪಾಯ ವೈರಿಂಗಿನದು. ಎರಡೂ ತುದಿಗೆ ಪಿನ್ ಟಾಪ್ ಹಾಕಿದ ವೈರಿನಲ್ಲಿ ಜನರೇಟರಿನಿಂದ ಗೋಡೆಯ ಸಾಕೆಟ್ಟಿಗೆ ಕರೆಂಟ್ ನುಗ್ಗಿಸುವ ಅಭ್ಯಾಸ ಇನ್ನೂ ಇದೆ. ಮೇನ್ ಆಫ್ ಮಾಡಲು ಮರೆತರೆ ಆ 230 ವೋಲ್ಟ್ ಸರ್ವಿಸ್ ವೈರಿನಲ್ಲಿ ಹಿಂದಕ್ಕೆ ಹೋಗಿ, ರಸ್ತೆಬದಿಯ ಟ್ರಾನ್ಸ್‌ಫಾರ್ಮರಿನಲ್ಲಿ (ಟಿಸಿ) ತಿರುಗುಮುರುಗಾಗಿ 11,000 ವೋಲ್ಟ್ ಆಗಿ ಹೊರಬರಬಹುದು. ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಲೈನ್ ಸತ್ತಿದೆ ಎಂದೇ ತಿಳಿದಿರುತ್ತಾನೆ. ಇತ್ತ ಕಳಚಿಕೊಂಡ ಪಿನ್ನುಗಳಲ್ಲೂ ಕರೆಂಟಿರುತ್ತದೆ, ಮಗು ಮುಟ್ಟಿದರೆ ಮುಗಿಯಿತು. ಮೆಷಿನ್ ಓಡುತ್ತಿರುವಾಗ ಮೆಸ್ಕಾಂ ಅಥವಾ ಸೆಸ್ಕ್ ಕರೆಂಟ್ ಬಂದುಬಿಟ್ಟರೆ ಜನರೇಟರಿನೊಳಗಿನ ಇನ್ವರ್ಟರ್ ಬೋರ್ಡೂ ಸುಟ್ಟುಹೋಗಬಹುದು.

ಇದಕ್ಕೆ ಬೇಕಿರುವುದು ಸಿಂಗಲ್ ಫೇಸ್ ಮನೆಗೆ 32 ಆಂಪಿಯರಿನ ಡಬಲ್ ಪೋಲ್ ಚೇಂಜ್‌ಓವರ್ ಸ್ವಿಚ್: ಮೇಲೆ ಮೇನ್, ನಡುವೆ ಆಫ್, ಕೆಳಗೆ ಜನರೇಟರ್. ಎರಡೂ ಒಟ್ಟಿಗೆ ಸೇರುವ ದಾರಿಯೇ ಅದರಲ್ಲಿಲ್ಲ. ಫೇಸ್ ಜೊತೆ ನ್ಯೂಟ್ರಲ್ ಕೂಡ ಬದಲಾಗಬೇಕು, ಸಿಂಗಲ್ ಪೋಲ್ ಸ್ವಿಚ್ಚಿಗೆ ಒಪ್ಪಬೇಡಿ. ಅಲ್ಲಿಂದ ಜನರೇಟರಿಗೆ 2.5 ಚದರ ಎಂಎಂ, ತಾಮ್ರದ ತ್ರೀ ಕೋರ್ ಫ್ಲೆಕ್ಸಿಬಲ್ ಕೇಬಲ್ ಹಾಕಿ. 20 ಮೀಟರಿಗೆ 12 ಆಂಪಿಯರ್ ಎಳೆದರೂ ಇಳಿಯುವುದು ನಾಲ್ಕು ವೋಲ್ಟ್ ಮಾತ್ರ. 1 ಎಂಎಂ ವೈರಿನಲ್ಲಿ ಹತ್ತಿರ ಹತ್ತು ವೋಲ್ಟ್ ಇಳಿಯುತ್ತದೆ, ಸುರುಳಿ ಸುತ್ತಿಟ್ಟಿದ್ದರೆ ಕರಗಲೂಬಹುದು. ಕೇಬಲ್ ಗಿಡ್ಡವಾಗಿದೆ ಎಂದು ಮೆಷಿನ್ನನ್ನು ಮನೆ ಹತ್ತಿರ ಎಳೆಯುವವರೇ ಹೆಚ್ಚು. ಮೊದಲೇ ಉದ್ದ ಅಳೆದು ಕೊಳ್ಳಿ.

ಕರೆಂಟ್ ಸೋರಿದರೆ ತಾನೇ ಬಿದ್ದು ಸಂಪರ್ಕ ಕಡಿಯುವ ಇಎಲ್‌ಸಿಬಿ ಸ್ವಿಚ್ ಇದೆಯಲ್ಲ ಎಂದು ನೆಮ್ಮದಿಯಾಗಿರುವವರು ಇದನ್ನು ಗಮನಿಸಬೇಕು. ಈ ಮಾದರಿಯ ಜನರೇಟರಿನೊಳಗೆ ನ್ಯೂಟ್ರಲ್ಲಿಗೂ ಬಾಡಿಗೂ ಸಂಪರ್ಕವಿರುವುದಿಲ್ಲ. ಟೆಸ್ಟರ್ ಇಟ್ಟರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯುವುದು ಅದಕ್ಕೇ. ಹಾಗಿರುವಾಗ ಸೋರಿದ ಕರೆಂಟಿಗೆ ಮರಳುವ ದಾರಿಯಿಲ್ಲದೆ ಇಎಲ್‌ಸಿಬಿ ಬೀಳದೇ ಇರಬಹುದು. ಜನರೇಟರಿನ ಬಳಿಯೇ ಅರ್ಥಿಂಗ್ ಮಾಡಿಸಿ, ನ್ಯೂಟ್ರಲ್ಲನ್ನು ಅರ್ಥಿಗೆ ಜೋಡಿಸುವ ಲಿಂಕ್ ಬೇಕೇ, ಎಲ್ಲಿ ಹಾಕಬೇಕು ಅನ್ನುವುದನ್ನು ಪರವಾನಗಿ ಇರುವ ಎಲೆಕ್ಟ್ರಿಕಲ್ ಗುತ್ತಿಗೆದಾರರಿಂದಲೇ ತೀರ್ಮಾನ ಮಾಡಿಸಿ. ಕೆಲಸ ಮುಗಿದ ಮೇಲೆ ಜನರೇಟರ್ ಮೇಲೆ ಮನೆ ಓಡುತ್ತಿರುವಾಗ ಮೀಟರ್ ಇಟ್ಟು ಪರೀಕ್ಷೆ ಮಾಡಿ ತೋರಿಸಲು ಕೇಳಿ.

ಓಡಿಸುವ ಕ್ರಮ ಸುಲಭ. ಚೇಂಜ್‌ಓವರ್ ಆಫ್‌ನಲ್ಲಿಡಿ, ಎಂಜಿನ್ ಸ್ಟಾರ್ಟ್ ಮಾಡಿ ಎರಡು ಮೂರು ನಿಮಿಷ ಬಿಸಿಯಾಗಲು ಬಿಡಿ, ಆಮೇಲೆ ಕೆಳಕ್ಕೆ ತಿರುಗಿಸಿ. ಜನರೇಟರಿನ ಇಕೋ ಸ್ವಿಚ್ (ಲೋಡಿಗೆ ತಕ್ಕಂತೆ ಎಂಜಿನ್ ವೇಗ ತಗ್ಗಿಸುವುದು) ಆಫ್ ಮಾಡಿ ಮೊದಲು ಪಂಪು, ಟ್ಯಾಂಕ್ ತುಂಬಿದ ಮೇಲೆ ಇಕೋ ಆನ್ ಮಾಡಿ ಫ್ರಿಜ್ ಮತ್ತು ಇನ್ವರ್ಟರ್. ಕೆಂಪು ಓವರ್‌ಲೋಡ್ ದೀಪ ಹತ್ತಿ ಎಂಜಿನ್ ಓಡುತ್ತಿದ್ದರೂ ಕರೆಂಟ್ ನಿಂತರೆ ಕೆಟ್ಟಿದೆ ಎಂದಲ್ಲ. ನಿಲ್ಲಿಸಿ, ಲೋಡ್ ತೆಗೆದು, ಮತ್ತೆ ಸ್ಟಾರ್ಟ್ ಮಾಡಿ.

ರಾತ್ರಿ ಓಡಿಸುವ ಅಗತ್ಯವೇ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ಫ್ಯಾನ್ ಬೇಡ. ಮೂರು ಎಲ್‌ಇಡಿ ದೀಪ, ಒಂದು ವೈಫೈ ಸೇರಿ 40 ವ್ಯಾಟ್. ಎಂಟು ಗಂಟೆಗೆ, ಇನ್ವರ್ಟರಿನ ನಷ್ಟವೂ ಸೇರಿ, 12 ವೋಲ್ಟ್ ಬ್ಯಾಟರಿಯಿಂದ 33 ಆಂಪಿಯರ್-ಅವರ್ ಹೋಗುತ್ತದೆ. ಹಗಲು ಮೂರು ಗಂಟೆ ಜನರೇಟರ್ ಓಡಿದರೆ, 15 ಆಂಪಿಯರಿನಲ್ಲಿ ಚಾರ್ಜ್ ಮಾಡುವ ಇನ್ವರ್ಟರ್ ನಷ್ಟ ಕಳೆದೂ ಅಷ್ಟನ್ನು ತುಂಬಿಕೊಳ್ಳುತ್ತದೆ. ಪೆಟ್ರೋಲ್ ದಿನಕ್ಕೆ ಎರಡು, ಎರಡೂವರೆ ಲೀಟರ್. ಮನೆ ಮಲಗಿರುವಾಗ ಎಂಜಿನ್ ಓಡದಿದ್ದರೆ ಮೇಲೆ ಹೇಳಿದ ವಿಷದ ಭಯದಲ್ಲಿ ಬಹುಪಾಲು ಇಳಿದಂತೆ.

ಪೆಟ್ರೋಲ್ ಕೂಡಿಡುವುದಕ್ಕೂ ಮಿತಿಯಿದೆ. 1934ರ ಪೆಟ್ರೋಲಿಯಂ ಕಾಯ್ದೆಯ ಪ್ರಕಾರ ಮಾರಾಟಕ್ಕಲ್ಲದ ಪೆಟ್ರೋಲ್ 30 ಲೀಟರ್ ಮೀರದಿದ್ದರೆ ಲೈಸೆನ್ಸ್ ಬೇಡ, ಆದರೆ ಬಿಗಿ ಮುಚ್ಚಳದ ಲೋಹದ ಡಬ್ಬಿ 25 ಲೀಟರ್ ದಾಟಬಾರದು. ನೀರಿನ ಪ್ಲಾಸ್ಟಿಕ್ ಕ್ಯಾನು ಆ ಪಟ್ಟಿಯಲ್ಲಿಲ್ಲ. ಡಬ್ಬಿಯನ್ನು ಒಲೆ, ದೇವರ ದೀಪ, ಫ್ರಿಜ್ ಇರುವ ಕಡೆ ಇಡಬೇಡಿ. ತುಂಬುವಾಗ ಎಂಜಿನ್ ನಿಲ್ಲಿಸಿ ಕಾಲು ಗಂಟೆ ಆರಲು ಬಿಡಿ, ಟ್ಯಾಂಕಿನ ಮೇಲ್ಮಟ್ಟದ ಗುರುತು ದಾಟಿಸಬೇಡಿ.

ಈಗ ಬಂಕಿನಲ್ಲಿ ಸಿಗುವುದು ಶೇ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದು ತೇವ ಹೀರುತ್ತದೆ, ನಮ್ಮ ಮಳೆಗಾಲದ ಗಾಳಿಯಲ್ಲಿ ಬೇಗನೇ. ನಿಂತಲ್ಲೇ ನಿಂತರೆ ಕಾರ್ಬುರೇಟರಿನಲ್ಲಿ ಅಂಟು ಕಟ್ಟುತ್ತದೆ. ಹೋದ ವರ್ಷ ಓಡುತ್ತಿತ್ತು, ಈ ವರ್ಷ ಸ್ಟಾರ್ಟೇ ಆಗುತ್ತಿಲ್ಲ ಎಂಬ ದೂರಿಗೆ ಹೆಚ್ಚಾಗಿ ಇದೇ ಕಾರಣ. ಹಳೆಯ ಮ್ಯಾನುಯಲ್‌ಗಳಲ್ಲಿ ಎಥನಾಲ್ ಮಿತಿ ಶೇ 10 ಎಂದಿದೆ. ನಿಮ್ಮ ಮೆಷಿನ್ನಿಗೆ ಶೇ 20 ಒಪ್ಪುತ್ತದೆಯೇ ಎಂದು ಡೀಲರಿನಿಂದ ಬರಹದಲ್ಲಿ ಪಡೆಯಿರಿ. ತಿಂಗಳಿಗಿಂತ ಹೆಚ್ಚು ಕಾಲ ಮುಟ್ಟುವುದಿಲ್ಲ ಎಂದಾದರೆ ಟ್ಯಾಂಕ್ ಬರಿದು ಮಾಡಿ, ಕಾರ್ಬುರೇಟರ್ ಕೆಳಗಿನ ಡ್ರೈನ್ ಸ್ಕ್ರೂ ಸಡಿಲಿಸಿ ಅದರೊಳಗಿನದನ್ನೂ ತೆಗೆಯಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಾಲು ಗಂಟೆ ಲೋಡ್ ಹಾಕಿ ಓಡಿಸಿದರೆ ಸ್ಟಾರ್ಟಿಂಗ್ ಬ್ಯಾಟರಿಯೂ ಜೀವ ಹಿಡಿದಿರುತ್ತದೆ. ಆಯಿಲ್ ಮೊದಲ ಸಲ 20 ಗಂಟೆಗೆ, ಆಮೇಲೆ 100 ಗಂಟೆಗೆ ಅಥವಾ ಆರು ತಿಂಗಳಿಗೆ ಬದಲಿಸಬೇಕು. ಏರ್ ಫಿಲ್ಟರ್ 50 ಗಂಟೆಗೊಮ್ಮೆ ತೊಳೆಯಬೇಕು. ಆಯಿಲ್ ತಗ್ಗಿದರೆ ಎಂಜಿನ್ ತಾನೇ ನಿಲ್ಲುತ್ತದೆ, ಆದರೆ ಹಳಸಿದ ಆಯಿಲನ್ನು ಅದು ಗುರುತಿಸುವುದಿಲ್ಲ.

ತೋಟದ ಮನೆ, ಸುತ್ತ ಅಂಗಳವಿರುವ ಮನೆ, ಅರ್ಧ ಎಚ್‌ಪಿ ಪಂಪು, ಜೊತೆಗೊಂದು ಇನ್ವರ್ಟರ್ ಇರುವವರು ಇದನ್ನು ಕಣ್ಣುಮುಚ್ಚಿ ಕೊಳ್ಳಬಹುದು. ಬೆಲೆ ಜಾಸ್ತಿಯೇ, ಕರೆಂಟಿನ ಗುಣ ಅದಕ್ಕೆ ತಕ್ಕದ್ದು. ಪಂಪ್ ಬೇಡ ಅನ್ನುವವರಿಗೆ ಹೋಂಡಾದ್ದೇ ಚಿಕ್ಕ ಮಾದರಿ, 21 ಕೆಜಿಯ ಇಯು22ಐ ಸಾಕು, ಅದರ ಟ್ಯಾಂಕ್ 3.6 ಲೀಟರಿನದಷ್ಟೆ. ಬೆಂಗಳೂರಿನ ಅಪಾರ್ಟ್‌ಮೆಂಟಿನವರು ಎರಡನ್ನೂ ಕೊಳ್ಳಬೇಡಿ. ಬಾಲ್ಕನಿ ಎಷ್ಟೇ ತೆರೆದಿದ್ದರೂ 20 ಅಡಿ ದೂರವಿರುವುದಿಲ್ಲ, ಮೇಲಿನ ಮನೆಯವರ ಮಲಗುವ ಕೋಣೆಯ ಕಿಟಕಿ ಹತ್ತು ಅಡಿಯಲ್ಲಿರುತ್ತದೆ. ಅದೇ ದುಡ್ಡಿಗೆ ಇನ್ವರ್ಟರಿಗೆ ಇನ್ನೊಂದು ಬ್ಯಾಟರಿ ಸೇರಿಸಬಹುದೇ ಎಂದು ಅದರ ಕಂಪನಿಯವರನ್ನು ಕೇಳಿ.