ಗಾಜಿನ ಟಚ್, ಬೆಲ್ ಪುಶ್, ಬ್ಯಾಟರಿ ಬಟನ್: ಗೋಡೆಯ ಕೀಪ್ಯಾಡ್ ಮೂರು ಬಗೆ

ಮನೆಯ ಲೈಟಿಗೆ ಆಟೊಮೇಶನ್ ಹಾಕಿಸಿದ್ದೇನೆ ಅಂದರೆ ಎಲ್ಲರೂ ಮೊದಲು ಕೇಳುವುದು ಫೋನಿನ ಆ್ಯಪ್ ಬಗ್ಗೆ. ಹೊಸತರಲ್ಲಿ ಮಕ್ಕಳು ಫೋನ್ ಹಿಡಿದು ದೀಪ ಹಚ್ಚಿ ಆರಿಸಿ ಆಡುತ್ತಾರೆ. ಆಮೇಲೆ ಆ್ಯಪ್ ತೆರೆಯುವವರೇ ಇಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ಕೈ ಹೋಗುವುದು ಬಾಗಿಲ ಪಕ್ಕದ ಗೋಡೆಗೇ. ಅದಕ್ಕೇ ಆ ಗೋಡೆಯ ಮೇಲೆ ಏನು ಕೂರಿಸಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕು. ಒಳಗಿನ ಸಾಫ್ಟ್‌ವೇರನ್ನು ನಾಳೆ ಬದಲಿಸಬಹುದು, ಗೋಡೆ ಒಡೆದು ವೈರ್ ಎಳೆಯುವುದು ಹಾಗಲ್ಲ.

ನಮ್ಮ ಮನೆ ಬಾಗಲಕೋಟೆಯ ನವನಗರದಲ್ಲಿದೆ. ಆಲಮಟ್ಟಿ ಹಿನ್ನೀರಿಗೆ ಹಳೆ ಊರಿನ ಭಾಗ ಮುಳುಗಿ ಜನ ಇಲ್ಲಿಗೆ ಬಂದ ಮೇಲೆ ಎದ್ದ ಮನೆಗಳಲ್ಲಿ ಒಂದು. ಎರಡು ಅಂತಸ್ತು, ಇಟ್ಟಿಗೆ ಗೋಡೆ, ಒಳಗೆ ಪಿವಿಸಿ ಪೈಪು. ಅತ್ತೆಯವರ ಮನೆ ಗುಳೇದಗುಡ್ಡದಲ್ಲಿ. ಅದು ದಪ್ಪ ಕಲ್ಲಿನ ಗೋಡೆ, ಮೇಲೆ ಸುಣ್ಣ. ವೈರು ಗೋಡೆಯ ಹೊರಗೇ ಪಟ್ಟಿಯೊಳಗೆ ಓಡುತ್ತದೆ. ಈ ಎರಡು ಮನೆಯಲ್ಲಿ ಮೂರು ಬಗೆಯ ಕೀಪ್ಯಾಡ್, ಅಂದರೆ ಗೋಡೆಯ ಬಟನ್ ಪಟ್ಟಿ, ಹಾಕಿ ಬಳಸಿದ್ದೇವೆ. ಒಂದು ಗಾಜಿನ ಟಚ್ ಪ್ಯಾನೆಲ್, ಇನ್ನೊಂದು ಸಾದಾ ಬೆಲ್ ಪುಶ್ ಮತ್ತು ಅದರ ಹಿಂದೆ ಒಂದು ರಿಲೇ (ಸಂಕೇತ ಸಿಕ್ಕಾಗ ತಾನೇ ದೀಪ ಹಚ್ಚಿ ಆರಿಸುವ ಪುಟ್ಟ ಸ್ವಿಚ್ಚು), ಮತ್ತೊಂದು ಬ್ಯಾಟರಿಯ ಜಿಗ್ಬೀ ಬಟನ್. ಜಿಗ್ಬೀ ಅಂದರೆ ವೈಫೈ ತರಹದ, ಆದರೆ ಕಮ್ಮಿ ಕರೆಂಟ್ ತಿನ್ನುವ ವೈರ್‌ಲೆಸ್ ಸಂಪರ್ಕ. ನನ್ನ ಓಟು ಬೆಲ್ ಪುಶ್‌ಗೆ. ಯಾಕೆ ಅಂತ ಹೇಳುವ ಮೊದಲು ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ವೈರು) ವಿಷಯ ಮುಗಿಸಿಬಿಡೋಣ, ಅದಿಲ್ಲದೆ ಮುಂದಿನ ಮಾತೇ ಇಲ್ಲ.

ಮಾಮೂಲಿ ಸ್ವಿಚ್ ಫೇಸ್ ವೈರನ್ನು ಕಡಿದು ಕೂಡಿಸುತ್ತದೆ, ಅಷ್ಟೇ ಅದರ ಕೆಲಸ. ಮೇನ್ಸ್ ಕರೆಂಟಿನ ಮೇಲೆ ಓಡುವ ಕೀಪ್ಯಾಡ್ ಅಥವಾ ರಿಲೇಯ ಒಳಗೆ ಸಂದೇಶ ಕಳಿಸುವ ಒಂದು ಪುಟ್ಟ ರೇಡಿಯೋ ಸದಾ ಎಚ್ಚರ ಇರಬೇಕು, ಅದಕ್ಕೆ ತನ್ನದೇ ಕರೆಂಟ್ ಬೇಕು, ಹಾಗಾಗಿ ನ್ಯೂಟ್ರಲ್ ಬೇಕು. ನಮ್ಮ ಕಡೆಯ ಬೋರ್ಡುಗಳಲ್ಲಿ ಒಂದು ಅನುಕೂಲ ಇದೆ. ಸ್ವಿಚ್ಚುಗಳ ಜೊತೆಗೆ ಪ್ಲಗ್ ಸಾಕೆಟ್ ಇದ್ದರೆ ಆ ಡಬ್ಬಿಯೊಳಗೆ ಕಪ್ಪು ವೈರು, ಅಂದರೆ ನ್ಯೂಟ್ರಲ್, ಬಂದೇ ಇರುತ್ತದೆ. ತೊಂದರೆ ಇರುವುದು ಸಾಕೆಟ್ ಇಲ್ಲದ ಬೋರ್ಡುಗಳಲ್ಲಿ. ಮೆಟ್ಟಿಲಿನ ಟೂ ವೇ (ಎರಡು ಕಡೆಯಿಂದ ಒಂದೇ ದೀಪ ಹಚ್ಚಿ ಆರಿಸುವ ಸ್ವಿಚ್), ಬಚ್ಚಲಮನೆಯ ಹೊರಗಿನ ಒಂಟಿ ಸ್ವಿಚ್, ಹಾಸಿಗೆ ಪಕ್ಕದ್ದು. ಅಲ್ಲಿ ಬರೀ ಫೇಸ್ ಹೋಗಿ ಬರುತ್ತದೆ.

ನ್ಯೂಟ್ರಲ್ ಬೇಡದ ಕೀಪ್ಯಾಡುಗಳೂ ಸಿಗುತ್ತವೆ. ಅವು ಬಲ್ಬಿನ ಮೂಲಕವೇ ಸ್ವಲ್ಪ ಕರೆಂಟ್ ಹರಿಸಿಕೊಂಡು ಬದುಕುತ್ತವೆ. ಹಳೆ ಗುಂಡು ಬಲ್ಬಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಚಿಕ್ಕ ಎಲ್‌ಇಡಿ ಹಾಕಿದರೆ ಆರಿಸಿದ ಮೇಲೂ ಮಿಣುಕು ಮಿಣುಕು ಅನ್ನುತ್ತದೆ. ಬಲ್ಬಿಗೆ ಅಡ್ಡಲಾಗಿ ಒಂದು ಬೈಪಾಸ್ ಕೆಪಾಸಿಟರ್ ಹಾಕಿದರೆ ನಿಲ್ಲುತ್ತದೆ, ಆದರೆ ಪ್ರತಿ ದೀಪದ ಹೋಲ್ಡರ್ ಬಿಚ್ಚಬೇಕು. ನಮ್ಮ ವೈರ್‌ಮನ್ ಇನ್ನೊಂದು ದಾರಿ ಹೇಳಿದ: "ಪಕ್ಕದ ಬೋರ್ಡಿಂದ ನ್ಯೂಟ್ರಲ್ ಎಳೆದುಬಿಡೋಣ ಬಿಡ್ರಿ." ಪಕ್ಕದ ಬೋರ್ಡು ಅದೇ ಸರ್ಕ್ಯೂಟಿನದಾದರೆ ಸರಿ. ನಮ್ಮಲ್ಲಿ ಕೆಳಗೊಂದು ಮೇಲೊಂದು ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸ್ವಿಚ್, ಇದೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬಂತಾ ಅಂತ ಅದು ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವುದು ಸಾಮಾನ್ಯವಾಗಿ 30 ಮಿಲಿ ಆಂಪಿಯರ್‌ನದು. ಮೇಲಿನ ಫೇಸ್ ಕೆಳಗಿನ ನ್ಯೂಟ್ರಲ್‌ಗೆ ಸೇರಿದರೆ ಲೆಕ್ಕ ತಪ್ಪಿ ಠಕ್ ಅಂತ ಬೀಳಬಹುದು. ಆಮೇಲೆ ಕಾರಣ ಹುಡುಕುವವರ ಪಾಡು ಯಾರಿಗೂ ಬೇಡ. ಮೆಟ್ಟಿಲಿಗೆ ಅದೇ ಸರ್ಕ್ಯೂಟಿನ ನ್ಯೂಟ್ರಲನ್ನೇ ಪೈಪಿನಲ್ಲಿ ಹೊಸದಾಗಿ ಎಳೆಸಿದೆವು.

ಗಾಜಿನ ಟಚ್ ಪ್ಯಾನೆಲ್ ನೋಡಲು ಚಂದ, ಅದರಲ್ಲಿ ಎರಡು ಮಾತಿಲ್ಲ. ಹಳೆ ಪ್ಲೇಟ್ ತೆಗೆದು ಅದೇ ಆರು ಮಾಡ್ಯೂಲಿನ ಡಬ್ಬಿಗೆ ಕೂರಿಸಿದರೆ ಮುಗಿಯಿತು. ರಿಲೇ ಎಲ್ಲ ಅದರ ಹೊಟ್ಟೆಯೊಳಗೇ ಇರುತ್ತವೆ. ವೈರಿಂಗ್ ಕೆಲಸ ಬೆಲ್ ಪುಶ್‌ಗಿಂತ ಇದಕ್ಕೆ ಕಮ್ಮಿ. ಬಂದವರೆಲ್ಲ ಒಮ್ಮೆ ಮುಟ್ಟಿ ನೋಡಿ ಹೋಗುತ್ತಾರೆ.

ಅಡುಗೆಮನೆಯಲ್ಲಿ ಮಾತ್ರ ಅದರ ಆಟ ನಡೆಯಲಿಲ್ಲ. ರೊಟ್ಟಿ ಬಡಿಯುವ ಕೈಗೆ ಜೋಳದ ಹಿಟ್ಟು ಮೆತ್ತಿರುತ್ತದೆ. ಆ ಬೆರಳು ಇಟ್ಟರೆ ಒಮ್ಮೆ ಹತ್ತುತ್ತದೆ, ಒಮ್ಮೆ ಇಲ್ಲ. ಮೊಳಕೈಯಿಂದ ಒತ್ತಿದರೆ ಮೂರು ಬಟನ್ ಒಟ್ಟಿಗೆ ಹೋಗುತ್ತವೆ. ಗಾಜಿನ ಮೇಲಿನ ಹಿಟ್ಟನ್ನು ಒದ್ದೆ ಬಟ್ಟೆಯಿಂದ ಒರೆಸಲು ಹೋದರೆ ಅಡುಗೆಮನೆಯ ದೀಪಗಳೆಲ್ಲ ಕುಣಿಯುತ್ತವೆ. ಅದಕ್ಕಿಂತ ದೊಡ್ಡ ಕೊರತೆ ಕತ್ತಲಲ್ಲಿ ಗೊತ್ತಾಗುತ್ತದೆ. ಉಬ್ಬಿದ ಬಟನ್ ಆದರೆ ಬೆರಳು ತಡಕಾಡಿ, ಎರಡನೆಯದು ಇದು ಅಂತ ತಿಳಿದುಕೊಂಡು ಆಮೇಲೆ ಒತ್ತುತ್ತದೆ. ಗಾಜಿನ ಮೇಲೆ ತಡಕಾಡುವ ಹಾಗೇ ಇಲ್ಲ, ಮುಟ್ಟಿದರೇ ಒತ್ತಿದಂತೆ. ಅದಕ್ಕೆ ಪ್ರತಿ ಬಟನ್ ಹಿಂದೆ ಪುಟ್ಟ ದೀಪ ಇಟ್ಟಿರುತ್ತಾರೆ. ಮಲಗುವ ಕೋಣೆಯಲ್ಲಿ ರಾತ್ರಿಯೆಲ್ಲ ಆ ನೀಲಿ ಕಣ್ಣುಗಳು ನಮ್ಮನ್ನೇ ನೋಡುತ್ತಿರುತ್ತವೆ!

ಇನ್ವರ್ಟರ್ ವಿಷಯವೂ ಇದೆ. ನಮ್ಮ ಹಳೆ ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಓಡುವಾಗ ಪ್ಯಾನೆಲ್ ಯಾರೂ ಮುಟ್ಟದೆಯೇ ತಾನಾಗಿ ಹತ್ತಿ ಆರುತ್ತಿತ್ತು. ಸೈನ್ ವೇವ್ ಹಾಕಿಸಿದ ಮೇಲೆ ಆ ಕಾಟ ನಿಂತಿತು. ಸೀನ್‌ಗಳದ್ದು, ಅಂದರೆ ಒಂದೇ ಒತ್ತಿಗೆ ಹಲವು ದೀಪ ಬದಲಿಸುವ ಬಟನ್ನುಗಳದ್ದು, ಬೇರೆ ಕಥೆ. 'ಎಲ್ಲ ಆರಿಸು' ಅನ್ನುವ ಬಟನ್ ಕಂಪನಿಯ ಸರ್ವರ್ ತನಕ ಹೋಗಿ ಬರುತ್ತಿತ್ತು. ಇಂಟರ್ನೆಟ್ ಇಲ್ಲದ ದಿನ ಒಂದೊಂದು ದೀಪ ಹತ್ತುತ್ತದೆ, ಸೀನ್ ಮಾತ್ರ ಇಲ್ಲ. ನನ್ನ ಮನೆಯ ದೀಪ ಆರಿಸಲು ಬೇರೆ ಊರಿನ ಕಂಪ್ಯೂಟರಿನ ಅಪ್ಪಣೆ ಯಾಕೆ?

ಬೆಲ್ ಪುಶ್ ಅಂದರೆ ಕಾಲಿಂಗ್ ಬೆಲ್ಲಿಗೆ ಹಾಕುವ, ಒತ್ತಿ ಬಿಟ್ಟರೆ ವಾಪಸ್ ಬರುವ ಸ್ವಿಚ್ಚು. ಯಾವ ಎಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಇರುವ ಪ್ಲೇಟಿಗೇ ಕೂರುತ್ತದೆ. ಕೆಟ್ಟರೆ ಅದೊಂದನ್ನು ಬದಲಿಸಿದರಾಯಿತು. ಬುದ್ಧಿ ಎಲ್ಲ ಹಿಂದಿನ ರಿಲೇಯಲ್ಲಿರುತ್ತದೆ. ನಾನು ಬಳಸಿದ್ದು ಶೆಲ್ಲಿ ಕಂಪನಿಯ ವೈಫೈ ರಿಲೇ, ಬೆಂಕಿಪೊಟ್ಟಣದಷ್ಟು ದೊಡ್ಡದು. ವೈರು ಸೇರಿಸುವ ತೂತುಗಳ ಮೇಲೆ ಅಕ್ಷರ ಇರುತ್ತದೆ: ಫೇಸ್ 'ಎಲ್'ಗೆ, ನ್ಯೂಟ್ರಲ್ 'ಎನ್'ಗೆ, ದೀಪದ ವೈರು 'ಓ'ಗೆ. ಫೇಸಿನಿಂದ ಒಂದು ತುಂಡು ಬೆಲ್ ಪುಶ್‌ಗೆ ಹೋಗಿ ಅಲ್ಲಿಂದ 'ಎಸ್‌ಡಬ್ಲ್ಯೂ'ಗೆ ಬರುತ್ತದೆ. ಡ್ರೈ ಕಾಂಟ್ಯಾಕ್ಟ್ ಮಾದರಿ (ತಾನಾಗಿ ದೀಪಕ್ಕೆ ಕರೆಂಟ್ ಕೊಡದೆ ಬರೀ ಕೂಡಿಸಿ ಕಡಿಯುವುದು) ಆದರೆ 'ಎಲ್'ನಿಂದ 'ಐ'ಗೂ ಒಂದು ಕೊಂಡಿ ಕೊಡಬೇಕು, ಇಲ್ಲದಿದ್ದರೆ ರಿಲೇ ಟಕ್ ಅನ್ನುತ್ತದೆ, ದೀಪ ಹತ್ತುವುದಿಲ್ಲ. ಆಮೇಲೆ ಸೆಟ್ಟಿಂಗಿನಲ್ಲಿ ಮೊಮೆಂಟರಿ (ಒತ್ತಿ ಬಿಡುವ ಬಟನ್) ಅಂತ ಆಯ್ಕೆ ಮಾಡಬೇಕು. ಮಾಮೂಲಿ ಸ್ವಿಚ್ ಅಂತ ಬಿಟ್ಟರೆ ಬೆರಳು ಎತ್ತಿದ ಕೂಡಲೇ ದೀಪ ಆರುತ್ತದೆ. ಇದನ್ನೆಲ್ಲ ಎಂಸಿಬಿ ಇಳಿಸಿ, ಟೆಸ್ಟರ್ ಇಟ್ಟು ನೋಡಿ, ಲೈಸೆನ್ಸ್ ಇರುವ ವೈರ್‌ಮನ್ ಕೈಯಲ್ಲೇ ಮಾಡಿಸಿ. 230 ವೋಲ್ಟ್ ಸುಮ್ನೆ ಅಲ್ಲ.

ಇದರಲ್ಲೂ ಕಿರಿಕಿರಿ ಉಂಟು. ಕಬ್ಬಿಣದ ಡಬ್ಬಿಯೊಳಗೆ ರಿಲೇ ತುರುಕಿದರೆ ವೈಫೈ ಸಿಗ್ನಲ್ ಅರ್ಧ ಅಲ್ಲೇ ಸಾಯುತ್ತದೆ. ಪ್ಲಾಸ್ಟಿಕ್ ಡಬ್ಬಿಯಾದರೆ ಪರವಾಗಿಲ್ಲ. ಇನ್ನೊಂದು, ಅಂಗಡಿಯವರು ಕೊಡುವ ಬೆಲ್ ಪುಶ್‌ಗಳಲ್ಲಿ ಕೆಲವಕ್ಕೆ ಒಳಗೆ ಪುಟ್ಟ ಇಂಡಿಕೇಟರ್ ದೀಪ ಇರುತ್ತದೆ. ಅದರ ಮೂಲಕ ಒಂಚೂರು ಕರೆಂಟು ಯಾವಾಗಲೂ 'ಎಸ್‌ಡಬ್ಲ್ಯೂ'ಗೆ ಸೋರುತ್ತದೆ, ಯಾರೋ ಬಟನ್ ಒತ್ತಿ ಹಿಡಿದಿದ್ದಾರೆ ಅಂತ ರಿಲೇ ಅಂದುಕೊಳ್ಳುತ್ತದೆ. ಇಂಡಿಕೇಟರ್ ಇಲ್ಲದ್ದನ್ನೇ ಕೇಳಿ ತನ್ನಿ. ಮತ್ತೆ, ಇಂಥ ರಿಲೇಗಳ ಸ್ವಿಚ್ ವೈರಿನಲ್ಲೂ ಮೇನ್ಸ್ ಕರೆಂಟೇ ಇರುತ್ತದೆ. ಬಟನ್ ತಾನೆ ಅಂತ ನೆಟ್‌ವರ್ಕ್ ಕೇಬಲ್ ಎಳೆಯಬೇಡಿ, ಮಾಮೂಲಿ ಮನೆ ವೈರೇ ಬೇಕು.

ಆದರೆ ಮೆಟ್ಟಿಲಿಗೆ ಬಂದಾಗ ಇದರ ಬೆಲೆ ಗೊತ್ತಾಗುತ್ತದೆ. ಕೆಳಗೆ, ನಡುವೆ, ಮೇಲೆ, ಹೀಗೆ ಮೂರು ಕಡೆಯಿಂದ ಒಂದು ದೀಪ ಹಚ್ಚಿ ಆರಿಸಬೇಕು ಅಂದರೆ ಹಳೆ ಪದ್ಧತಿಯಲ್ಲಿ ಎರಡು ಟೂ ವೇ, ನಡುವೆ ಒಂದು ಇಂಟರ್‌ಮೀಡಿಯೇಟ್ ಸ್ವಿಚ್. ಆ ನಡುವಿನದು ನನಗೆ ಊರಿನ ಅಂಗಡಿಗಳಲ್ಲಿ ಸುಲಭಕ್ಕೆ ಸಿಗಲಿಲ್ಲ. ಬೆಲ್ ಪುಶ್ ಆದರೆ ಎಲ್ಲವನ್ನೂ ಪ್ಯಾರಲೆಲ್ ಆಗಿ ಎರಡೇ ವೈರಿನಲ್ಲಿ ಜೋಡಿಸಬಹುದು. ಯಾವುದನ್ನು ಒತ್ತಿದರೂ ದೀಪ ಹೊರಳುತ್ತದೆ. ಬಟನ್ನುಗಳನ್ನು ಜೋಡಿಸಲು ಹಳೆ ಟೂ ವೇ ವೈರುಗಳೇ ಸಾಕಾದವು. ಉದ್ದ ಒತ್ತಿದರೆ ಮಹಡಿಯ ದೀಪಗಳೆಲ್ಲ ಆರಬೇಕು ಅಂತ ಹೋಮ್ ಅಸಿಸ್ಟೆಂಟ್ ಅನ್ನುವ ಆಟೊಮೇಶನ್ ಸಾಫ್ಟ್‌ವೇರಿನಲ್ಲಿ ಬರೆದಿದ್ದೇನೆ. ಅದು ಮನೆಯೊಳಗಿನ ಪುಟ್ಟ ಕಂಪ್ಯೂಟರಿನಲ್ಲೇ ಓಡುತ್ತದೆ, ಇಂಟರ್ನೆಟ್ ಬೇಕಿಲ್ಲ. ಆ ಕಂಪ್ಯೂಟರ್ ಕೈಕೊಟ್ಟರೂ ಒತ್ತಿದ ದೀಪ ಹತ್ತೇ ಹತ್ತುತ್ತದೆ. ನನಗೆ ಬೇಕಾಗಿದ್ದೇ ಇದು.

ಗುಳೇದಗುಡ್ಡದ ಕಲ್ಲಿನ ಗೋಡೆಗೆ ಇದೇ ವಾದ ನಡೆಯುವುದಿಲ್ಲ. ಅಲ್ಲಿ ಗೋಡೆ ಕೊರೆಯುವ ಮಾತೇ ಇಲ್ಲ. ಅದಕ್ಕೆ ಬ್ಯಾಟರಿಯ ನಾಲ್ಕು ಬಟನ್ನಿನ ಜಿಗ್ಬೀ ಕೀಪ್ಯಾಡ್, ದೀಪಗಳಿಗೆ ಜಿಗ್ಬೀ ಬಲ್ಬು. ಡಬಲ್ ಟೇಪಿನಲ್ಲಿ ಅಂಟಿಸಿ ಅಂತ ಡಬ್ಬದ ಮೇಲೆ ಬರೆದಿರುತ್ತದೆ. ಸುಣ್ಣದ ಗೋಡೆಗೆ ಅಂಟಿಸಿದರೆ ಟೇಪು ಸುಣ್ಣದ ಪದರ ಸಮೇತ ಕೆಳಗೆ ಬೀಳುತ್ತದೆ. ಬಾಗಿಲ ಚೌಕಟ್ಟಿನ ಮರಕ್ಕೆ ಎರಡು ಸ್ಕ್ರೂ ಹಾಕಿದೆವು, ಗಟ್ಟಿಯಾಗಿ ಕೂತಿದೆ.

ಕಲ್ಲಿನ ಗೋಡೆ ಸಿಗ್ನಲ್ಲನ್ನೂ ತಡೆಯುತ್ತದೆ. ಜಿಗ್ಬೀಯ ಒಳ್ಳೆಯ ಗುಣ ಏನೆಂದರೆ ಕರೆಂಟಿನ ಮೇಲೆ ಓಡುವ ಸಾಧನಗಳು ಸಾಮಾನ್ಯವಾಗಿ ಸಂದೇಶವನ್ನು ಒಂದರಿಂದ ಒಂದಕ್ಕೆ ದಾಟಿಸುತ್ತವೆ. ಪಡಸಾಲೆಯ ಬಾಗಿಲಿಗೆ ಎದುರಾಗಿ ಒಂದು ಜಿಗ್ಬೀ ಪ್ಲಗ್ ಹಾಕಿದ ಮೇಲೆ ಒಳಕೋಣೆಯ ಬಟನ್ ಸರಿಯಾಯಿತು. ವೈಫೈ, ಜಿಗ್ಬೀ ಎರಡೂ 2.4 ಗಿಗಾಹರ್ಟ್ಸ್‌ನಲ್ಲೇ ಇರುವುದರಿಂದ ಚಾನೆಲ್ ಕೂಡ ನೋಡಬೇಕು. ವೈಫೈ 1ರಲ್ಲಿ ಇಟ್ಟು ಜಿಗ್ಬೀಯನ್ನು 25ಕ್ಕೆ ಹಾಕಿದೆ. ಜಿಗ್ಬೀ ಡಾಂಗಲನ್ನು (ಕಂಪ್ಯೂಟರಿಗೆ ಜಿಗ್ಬೀ ಕೊಡುವ ಪುಟ್ಟ ಕಡ್ಡಿ) ಯುಎಸ್‌ಬಿ 3 ಪೋರ್ಟಿಗೆ ನೇರ ಚುಚ್ಚಬೇಡಿ, ಆ ಪೋರ್ಟು ಇದೇ ಅಲೆಯಲ್ಲಿ ಗದ್ದಲ ಎಬ್ಬಿಸುತ್ತದೆ. ಒಂದು ಉದ್ದ ಎಕ್ಸ್‌ಟೆನ್ಶನ್ ವೈರ್ ಹಾಕಿ ದೂರ ಇಡಿ.

ಬಟನ್ನಿಗೆ ಒಂದು ಒತ್ತು, ಎರಡು ಒತ್ತು, ಉದ್ದ ಒತ್ತು ಅಂತ ನಾಲ್ಕಕ್ಕೆ ಹನ್ನೆರಡು ಕೆಲಸ ಕೊಡಬಹುದು. ಕೊಟ್ಟರೆ ನೆನಪಿಡುವವರು ಯಾರು? ಒಂದು ಬಟನ್ನಿಗೆ ಒಂದು ಕೆಲಸ ಸಾಕು. ನಿಜವಾದ ತೊಡಕು ಹಳೆ ಸ್ವಿಚ್ಚಿನದು. ಮಾವನವರು ಮಲಗುವ ಮುನ್ನ ಕಪ್ಪು ಸ್ವಿಚ್ಚುಗಳನ್ನೆಲ್ಲ ಆರಿಸಿಯೇ ಮಲಗುವವರು. ಸ್ವಿಚ್ ಆರಿದರೆ ಜಿಗ್ಬೀ ಬಲ್ಬಿಗೆ ಜೀವ ಇಲ್ಲ, ಅದರ ಮೂಲಕ ದಾಟುತ್ತಿದ್ದ ಬೇರೆ ಬಟನ್ನಿನ ಸಂದೇಶವೂ ನಿಲ್ಲುತ್ತದೆ. ಅವರ ಅಭ್ಯಾಸ ಬಿಡಿಸುವ ಬದಲು ಆ ಸ್ವಿಚ್ಚುಗಳನ್ನೇ ಪೆಟ್ಟಿಗೆಯ ಒಳಗೆ ಸೇರಿಸಿ ಮೇಲೆ ಖಾಲಿ ಪ್ಲೇಟ್ ಹಾಕಿಸಿದೆವು. ಬ್ಯಾಟರಿ ಸಾಯುವುದು ಮಾತ್ರ ಹೇಳಿ ಕೇಳಿ ಅಲ್ಲ, ಮನೆಯಲ್ಲಿ ಒಂದು ನಾಣ್ಯದ ಸೆಲ್ ಇಟ್ಟಿರಬೇಕು.

ಈ ಮೂರರ ಹೊರಗೆ ಕೆಎನ್‌ಎಕ್ಸ್ ಅನ್ನುವ, ಬಟನ್ನುಗಳಿಗೆ ಬೇರೆಯೇ ಕೇಬಲ್ ಎಳೆಯುವ ಪದ್ಧತಿಯೂ ಇದೆ. ಅದನ್ನು ನೋಡಿದ್ದು ಬೆಳಗಾವಿಯ ಗೆಳೆಯರೊಬ್ಬರ ಹೊಸ ಮನೆಯಲ್ಲಿ. ಹಸಿರು ಕೇಬಲ್, ಒಳಗಿನ ಕೆಂಪು-ಕಪ್ಪು ಜೋಡಿಯಲ್ಲಿ ಸುಮಾರು 30 ವೋಲ್ಟ್ ಡಿಸಿ. ಕೀಪ್ಯಾಡಿಗೆ ಬರುವುದು ಅಷ್ಟೇ. ಗೋಡೆಯ ಬಟನ್ನಿನಲ್ಲಿ ಮೇನ್ಸ್ ಕರೆಂಟೇ ಇಲ್ಲ, ವೈಫೈ ಇಲ್ಲ, ಬ್ಯಾಟರಿ ಇಲ್ಲ. ಒತ್ತಿದ ಕೂಡಲೇ ಹತ್ತುತ್ತದೆ, ಸದ್ಯ ಅದಕ್ಕಿಂತ ಗಟ್ಟಿ ನಾನು ನೋಡಿಲ್ಲ. ಆದರೆ ಪ್ರತಿ ದೀಪದ ವೈರು ಮೇನ್ ಬೋರ್ಡಿನ ತನಕ ಬರಬೇಕು. ಸೆಟ್ಟಿಂಗ್ ಬದಲಿಸಲು ಇಟಿಎಸ್ ಅನ್ನುವ ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಕು, ಅದು ಬರುವವರನ್ನು ಕರೆಸಬೇಕು. ಪಾಯ ತೋಡುವಾಗಲೇ ತೀರ್ಮಾನ ಮಾಡುವವರಿಗೆ, ಕೈ ಬಿಚ್ಚಿ ಖರ್ಚು ಮಾಡುವವರಿಗೆ ಸರಿ. ಕಟ್ಟಿ ಮುಗಿದ ಮನೆಗೆ ಬೇಡ.

ಯಾವುದನ್ನೇ ಹಾಕಿದರೂ ಕರೆಂಟ್ ಹೋಗಿ ಬಂದಾಗ ಏನಾಗಬೇಕು ಅನ್ನುವುದನ್ನು ಮೊದಲ ದಿನವೇ ಸೆಟ್ ಮಾಡಿ. ಆರಿದ್ದು ಆರಿಯೇ ಇರಲಿ, ಅಥವಾ ಮೊದಲಿನ ಸ್ಥಿತಿಗೆ ಬರಲಿ. ಇದನ್ನು ಬಿಟ್ಟರೆ ನಡುರಾತ್ರಿ ಎರಡಕ್ಕೆ ಕರೆಂಟ್ ಬಂದಾಗ ಬಲ್ಬುಗಳೆಲ್ಲ ಒಟ್ಟಿಗೆ ಹತ್ತಿ ಮನೆಯವರೆಲ್ಲ ಎದ್ದು ಕೂರುತ್ತಾರೆ. ರೂಟರ್, ಹೋಮ್ ಅಸಿಸ್ಟೆಂಟ್ ಓಡುವ ಕಂಪ್ಯೂಟರ್ ಎರಡೂ ಇನ್ವರ್ಟರ್ ಲೈನಿನಲ್ಲೇ ಇರಲಿ.

ಈಗ ನಮ್ಮಲ್ಲಿ ಅಡುಗೆಮನೆ, ಮೆಟ್ಟಿಲು, ಪಡಸಾಲೆಗೆ ಬೆಲ್ ಪುಶ್. ಹಾಸಿಗೆ ಪಕ್ಕಕ್ಕೆ ಮತ್ತು ಗುಳೇದಗುಡ್ಡಕ್ಕೆ ಬ್ಯಾಟರಿ ಬಟನ್. ಗಾಜಿನ ಪ್ಯಾನೆಲ್ ಮುಂಬಾಗಿಲ ಒಳಗೆ ಒಂದೇ ಉಳಿದಿದೆ, ಅಲ್ಲಿ ಒಣಗಿದ ಕೈ ಬರುತ್ತದೆ, ಚಂದವೂ ಕಾಣುತ್ತದೆ. ಮನೆ ಕಟ್ಟಿಸುತ್ತಿರುವವರು ಇದ್ಯಾವುದನ್ನೂ ಈಗಲೇ ಕೊಳ್ಳಬೇಕಿಲ್ಲ. ಗಿಲಾವ್ ಆಗುವ ಮೊದಲು ಪ್ರತಿ ಸ್ವಿಚ್ ಡಬ್ಬಿಗೂ, ಸಾಕೆಟ್ ಇರಲಿ ಬಿಡಲಿ, ಅದೇ ಸರ್ಕ್ಯೂಟಿನ ಒಂದು ಕಪ್ಪು ವೈರು ಎಳೆಸಿಡಿ. ಡಬ್ಬಿ ಆದಷ್ಟು ಆಳದ್ದು ಇರಲಿ. ಸಿಗದಿದ್ದರೆ ಒಂದು ಅಳತೆ ದೊಡ್ಡದು ಹಾಕಿಸಿ, ಉಳಿದ ಜಾಗಕ್ಕೆ ಬ್ಲ್ಯಾಂಕ್ ಪ್ಲೇಟ್ ಮುಚ್ಚಿದರಾಯಿತು.