ಹಾರ-ಶಾಲು ಮುಗಿದ ಮೇಲೆ ಹೋದರೂ ಸಾಕು

ನಮ್ಮ ಮನೆ ಹತ್ತಿರದ ಡಿಗ್ರಿ ಕಾಲೇಜೊಂದರಲ್ಲಿ ನ್ಯೂರೋಡೈವರ್ಸಿಟಿ (ಎಲ್ಲರ ಮಿದುಳೂ ಒಂದೇ ತರ ಕೆಲಸ ಮಾಡುವುದಿಲ್ಲ ಅನ್ನುವ ವಿಚಾರ) ಮತ್ತು ಅಂಗವೈಕಲ್ಯದ ಬಗ್ಗೆ ಸಂವಾದ ಇಟ್ಟಿದ್ದರು. ಪೋಷಕರೂ ಬರಬಹುದು, ಫೀಸ್ ಇಲ್ಲ. ಮಗ ಸೆಕೆಂಡ್ ಪಿಯು, ಡಿಸ್ಲೆಕ್ಸಿಯಾ ಇದೆ, ಅಂದರೆ ಓದಿ ಬರೆಯುವುದು ಕಷ್ಟ. ಮುಂದೆ ಯಾವ ಕಾಲೇಜು ಅನ್ನುವ ತಲೆಬಿಸಿಯಲ್ಲೇ ಹೋದೆ.

ಮೊದಲು ಬೈದುಬಿಡುತ್ತೇನೆ. ಪ್ರಾರ್ಥನೆ, ದೀಪ, ಸ್ವಾಗತ ಭಾಷಣ, ಹಾರ, ಶಾಲು, ಫೋಟೊ. ಮುಕ್ಕಾಲು ಗಂಟೆ ಇದಕ್ಕೇ ಹೋಯಿತು. ಕೈ ಬದಲಾದಾಗಲೆಲ್ಲ ಮೈಕ್ ಕುಂಯ್ ಅನ್ನುತ್ತಿತ್ತು. ನನ್ನ ಮುಂದಿನ ಸಾಲಿನ ಹುಡುಗ ಎರಡೂ ಕಿವಿ ಮುಚ್ಚಿಕೊಂಡು ಕೂತಿದ್ದ. ಸದ್ದು ತಡೆಯಲಾಗದ ಮಕ್ಕಳ ಬಗ್ಗೆಯೇ ಕಾರ್ಯಕ್ರಮ, ಅಲ್ವಾ? ಚಪ್ಪಾಳೆ ಬೇಡ, ಕೈ ಆಡಿಸಿ ಅಂತ ನಿರೂಪಣೆಯ ಹುಡುಗಿ ಚೆನ್ನಾಗಿಯೇ ಹೇಳಿದಳು. ವೇದಿಕೆ ಮೇಲಿದ್ದವರೇ ಜೋರಾಗಿ ತಟ್ಟಿದರು. ಮುಖ್ಯ ಅತಿಥಿಗಳು ‘ಇವರು ದೇವರ ಮಕ್ಕಳು’ ಅಂತ ಶುರು ಮಾಡಿದಾಗ ನಾನು ಮೊಬೈಲ್ ತೆಗೆದೆ.

ವಕೀಲೆಯೊಬ್ಬರು ಮಾತಾಡಿದ ಮೇಲೆ ಮೊಬೈಲ್ ಒಳಗೆ ಹೋಯಿತು. 1995ರ ಕಾಯ್ದೆಯಲ್ಲಿ 7 ಬಗೆಯ ಅಂಗವೈಕಲ್ಯ ಇದ್ದದ್ದು 2016ರದ್ದರಲ್ಲಿ 21 ಆಯಿತು. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಆಗಲೇ ಸೇರಿದ್ದು. ಗಮನ ನಿಲ್ಲದ, ಒಂದೆಡೆ ಕೂರಲು ಕಷ್ಟವಾಗುವ ಎಡಿಎಚ್‌ಡಿ ಹೆಸರು ಆ ಪಟ್ಟಿಯಲ್ಲಿಲ್ಲ. ಶೇ. 40ರಷ್ಟು ಅಂಗವೈಕಲ್ಯ ಇದೆ ಅನ್ನುವ ಸರ್ಟಿಫಿಕೇಟ್ ಇದ್ದವರಿಗೆ ಪರೀಕ್ಷೆಯಲ್ಲಿ ಗಂಟೆಗೆ 20 ನಿಮಿಷ ಜಾಸ್ತಿ ಕೊಡಬೇಕು. ಅಷ್ಟಿಲ್ಲದಿದ್ದರೆ ಕಥೆ ಮುಗಿಯಿತು ಅಂತಲ್ಲ. ಬರೆಯಲು ಕೂತರೆ ಕೈ ಹಿಡಿದುಕೊಳ್ಳುವ ವಿಕಾಸ್ ಕುಮಾರ್ ಅವರ ಕೇಸಿನಲ್ಲಿ, ಸ್ಕ್ರೈಬ್ (ಪರೀಕ್ಷೆಯಲ್ಲಿ ವಿದ್ಯಾರ್ಥಿ ಹೇಳಿದ್ದನ್ನು ಬರೆದುಕೊಡುವವರು) ಕೊಡಲು ಶೇ. 40 ಆಗಿರಲೇಬೇಕೆಂದಿಲ್ಲ ಅಂತ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇದನ್ನು ನನಗೆ ಈವರೆಗೆ ಯಾವ ಶಾಲೆಯವರೂ ಹೇಳಿರಲಿಲ್ಲ.

ನಿಜವಾದ ಕಾರ್ಯಕ್ರಮ ಶುರುವಾಗಿದ್ದು ವಿದ್ಯಾರ್ಥಿಗಳು ಮಾತಾಡಿದಾಗ. ಬಿಎಸ್ಸಿ ಹುಡುಗನೊಬ್ಬ ತನ್ನ ಸ್ಕ್ರೈಬ್ ಕಥೆ ಹೇಳಿದ. ಬಂದಿದ್ದು ಆರ್ಟ್ಸ್ ಜೂನಿಯರ್. ಪಾಪ, ಇಂಟಿಗ್ರಲ್ ಚಿಹ್ನೆಯನ್ನೇ ನೋಡಿರಲಿಲ್ಲ. ‘ಎಸ್ ತರ ಉದ್ದಕ್ಕೆ ಎಳಿ, ಕೆಳಗೆ ಸೊನ್ನೆ, ಮೇಲೆ ಒಂದು’ ಅಂತ ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದ. ಜಾಸ್ತಿ ಸಿಕ್ಕ ಟೈಮೆಲ್ಲ ಆ ಪಾಠಕ್ಕೇ ಖರ್ಚು. ಎಲ್ಲರೂ ನಕ್ಕರು, ಅವನೂ ನಕ್ಕ. ಎಡಿಎಚ್‌ಡಿ ಇರುವ ಹುಡುಗಿ ಮೂರು ನಿಮಿಷ ಮಾತಾಡಿ, ಸಾಕು, ನಾನು ಹೊರಗೆ ಓಡಾಡಿ ಬರ್ತೀನಿ ಅಂತ ಎದ್ದು ಹೋದಳು. ಯಾರೂ ತಡೆಯಲಿಲ್ಲ. ಅದಕ್ಕೆ ಆ ಕಾಲೇಜಿಗೆ ಒಂದು ಮಾರ್ಕ್ಸ್ ಜಾಸ್ತಿ.

ಪ್ರಶ್ನೆ ಕೇಳಲು ಉಳಿದಿದ್ದು ಸುಮ್ನೆ ಹತ್ತು ನಿಮಿಷ. ಹೆಚ್ಚುವರಿ ಸಮಯಕ್ಕೆ ಅರ್ಜಿ ಯಾವಾಗ ಕೊಡಬೇಕು ಅಂತ ಕೇಳಿದೆ. ‘ಹಾಲ್ ಟಿಕೆಟ್ ಬರಲಿ, ನೋಡೋಣ ಮೇಡಂ’ ಅಂತ ವೇದಿಕೆಯಿಂದ ಉತ್ತರ. ಕಾಫಿ ಕುಡಿಯುವಾಗ ಅದೇ ಬಿಎಸ್ಸಿ ಹುಡುಗ ಹುಡುಕಿಕೊಂಡು ಬಂದ. ‘ಅಷ್ಟು ದಿನ ಕಾಯಬೇಡಿ ಆಂಟಿ. ಅಡ್ಮಿಷನ್ ದಿನವೇ ಲೆಟರ್ ಕೊಡಿ. ಝೆರಾಕ್ಸ್ ಮೇಲೆ ಆಫೀಸಿನ ಸೀಲು, ತಾರೀಕು ಹಾಕಿಸಿಕೊಳ್ಳಿ. ಸ್ಕ್ರೈಬ್ ಬೇಕಿದ್ದರೆ ನಿಮ್ಮ ಹುಡುಗನ ಸಬ್ಜೆಕ್ಟ್ ಗೊತ್ತಿರೋರನ್ನ ನೀವೇ ನೋಡಿಟ್ಕೊಳ್ಳಿ.’

ಐದಕ್ಕೆ ಮೂರು ಕೊಡುತ್ತೇನೆ. ಮೂರೂ ವಕೀಲೆಗೆ ಮತ್ತು ಮಕ್ಕಳಿಗೆ. ಮುಂದಿನ ಸಲ ಆಡಿಟೋರಿಯಂ ಬಿಟ್ಟು ಕ್ಲಾಸ್‌ರೂಮಿನಲ್ಲಿ, ಮೈಕ್ ಇಲ್ಲದೆ ಮಾಡಿದರೆ ಮಗನನ್ನೂ ಕರೆದುಕೊಂಡು ಹೋಗುತ್ತೇನೆ.